ಕ್ವಾಡ್ರಾಜೆಟ್ ಬಿಸಾಡಿ ಎಂದವರಿಗೆ

ನನ್ನ 1969ರ ಪಾಂಟಿಯಾಕ್ ಜಿಟಿಒ ಈಗ ಕೀಲಿ ತಿರುವಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ನಡುಗುವುದಿಲ್ಲ, ಪೆಡಲನ್ನು ನೆಲಕ್ಕೆ ಒತ್ತಿದರೆ ಮುಗ್ಗರಿಸುವುದೂ ಇಲ್ಲ. ಇದನ್ನೆಲ್ಲ ನಡೆಸುತ್ತಿರುವುದು, ಡೆಟ್ರಾಯಿಟ್ ಸುತ್ತಲಿನ ಹಳೆ ಕಾರಿನವರು ‘ಕ್ವಾಡ್ರಾಜಂಕ್’ ಎಂದು ಗೇಲಿ ಮಾಡುವ ಅದೇ ರಾಚೆಸ್ಟರ್ ಕ್ವಾಡ್ರಾಜೆಟ್, ಅಂದರೆ ಎಂಜಿನ್‌ಗೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಹಳೆಯ ಕಾರ್ಬುರೇಟರ್. ‘ಅದನ್ನು ಬಿಸಾಡು, ಸ್ಕ್ವೇರ್ ಬೋರ್ (ನಾಲ್ಕೂ ಬಾಯಿ ಒಂದೇ ಅಳತೆಯದು) ಹಾಕು’ ಎಂದು ಹೇಳದವರೇ ಇರಲಿಲ್ಲ. ಹಾಗೆ ಹೇಳಿದವರಲ್ಲಿ ಕೆಲವರು ಈ ಬೇಸಿಗೆಯಲ್ಲಿ ಮನೆಗೇ ಬಂದು, ಬಾನೆಟ್ ಎತ್ತಿಸಿ ನೋಡಿ, ಏನೂ ಹೇಳದೆ ಕಾಫಿ ಕುಡಿದು ಹೋಗಿದ್ದಾರೆ.

ಎಂಜಿನ್ 400 ಕ್ಯುಬಿಕ್ ಇಂಚಿನದೇ. ಕಾರ್ಖಾನೆಯಿಂದ ಬಂದಾಗಿನ 10.75ರ ಕಂಪ್ರೆಷನ್ ಅನುಪಾತ ಈಗಿಲ್ಲ. ಹಿಂದಿನ ಮಾಲೀಕ ಎಪ್ಪತ್ತರ ದಶಕದ ಮಧ್ಯದ ಹೆಡ್‌ಗಳನ್ನು ಕೂರಿಸಿದ್ದ, ಎಂಟೂವರೆ ಆಸುಪಾಸು ಇದ್ದೀತು. ವಾಲ್ವ್ ತೆರೆಯುವ ಕ್ಯಾಮ್ ತುಸು ಖಾರದ್ದು, ನಿಂತಲ್ಲೇ ಓಡುವಾಗ (ಐಡಲ್) ವ್ಯಾಕ್ಯೂಮ್ 14-15 ಇಂಚು ಸಿಗುತ್ತದೆ. ಗೇರ್‌ಬಾಕ್ಸ್ ಟರ್ಬೊ 400 ಆಟೊಮ್ಯಾಟಿಕ್. ಕಾರಿನ ಜತೆ ಬಂದಿದ್ದ ಕ್ವಾಡ್ರಾಜೆಟ್‌ನ ಥ್ರಾಟಲ್ ಶಾಫ್ಟ್ ಎಷ್ಟು ಸವೆದಿತ್ತೆಂದರೆ ಬೆರಳಲ್ಲಿ ಹಿಡಿದು ಅಲ್ಲಾಡಿಸಬಹುದಿತ್ತು. ಎಲ್ಲರ ಮಾತು ಕೇಳಿ ಹೊಸದೊಂದು 750 ಸಿಎಫ್‌ಎಂನ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎಂಬ ಅಳತೆ) ‘ಡಬಲ್ ಪಂಪರ್’ ಎಂಬ ಸ್ಕ್ವೇರ್ ಬೋರ್ ತಂದೆ: ಸುಮಾರು 450 ಡಾಲರ್, ಅದಕ್ಕೊಂದು ಅಡಾಪ್ಟರ್ ಪ್ಲೇಟು, ಹೊಸ ಪೆಟ್ರೋಲ್ ಪೈಪು, ಲಿಂಕೇಜು, ಎಲ್ಲ ಸೇರಿ 600ರ ಹತ್ತಿರ ಹೋಯಿತು. ಅಡಾಪ್ಟರ್ ಎತ್ತರ ಒಂದಿಂಚು. ಏರ್ ಕ್ಲೀನರ್ ಬಾನೆಟ್‌ಗೆ ತಾಗಿತು. ತೆಳ್ಳಗಿನ ಏರ್ ಕ್ಲೀನರ್‌ಗೆ ಮತ್ತೆ ದುಡ್ಡು. ಪೂರ್ತಿ ಥ್ರಾಟಲ್‌ನಲ್ಲಿ ಗಾಡಿ ಚೆನ್ನಾಗಿಯೇ ಹಾರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ನಾವು ಪೂರ್ತಿ ಥ್ರಾಟಲ್‌ನಲ್ಲಿ ಓಡಿಸುವುದೆಷ್ಟು? ಊರೊಳಗೆ ಗ್ಯಾಲನ್‌ಗೆ ಒಂಬತ್ತು ಮೈಲಿ, ಗ್ಯಾರೇಜಿನ ತುಂಬ ಪೆಟ್ರೋಲ್ ವಾಸನೆ, ಮನೆಯಾಕೆಯ ಮುನಿಸು.

‘ಎಷ್ಟು ಸಿಎಫ್‌ಎಂ ಬೇಕು’ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಉಳಿದಿಲ್ಲ. 400ನ್ನು 5,000 ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿದರೆ 579; ಎಂಜಿನ್ ನಿಜಕ್ಕೂ ಎಳೆಯುವುದು ಶೇ. 85 ಎಂದು ಹಿಡಿದರೆ 490 ಚಿಲ್ಲರೆ. ಹಾಗಾದರೆ ಕ್ವಾಡ್ರಾಜೆಟ್‌ನ 750 ಅತಿಯಾಯಿತಲ್ಲ ಎನ್ನುವವರು ಅದರ ಒಳಗೆ ಇಣುಕಿ ನೋಡಿಲ್ಲ. ಅದರಲ್ಲಿ ಸದಾ ಕೆಲಸ ಮಾಡುವ ಮುಂದಿನ ಎರಡು ಬಾಯಿಗಳ (ಪ್ರೈಮರಿ) ಬೋರ್ ಒಂದೂಮುಕ್ಕಾಲು ಇಂಚೂ ಇಲ್ಲ, ಒಂದೂಕಾಲಕ್ಕಿಂತ ಚೂರು ಹೆಚ್ಚು. ಪೆಡಲ್ ಜೋರಾಗಿ ಒತ್ತಿದಾಗ ತೆರೆಯುವ ಹಿಂದಿನ ಬಾಯಿಗಳು, ಅಂದರೆ ಸೆಕೆಂಡರಿ, ಒಂದೊಂದೂ ಎರಡೂಕಾಲು ಇಂಚಿನ ಬಾವಿ. ಆ ಬಾವಿಯ ಮೇಲಿನ ಏರ್ ವಾಲ್ವ್ ಎಂಜಿನ್ ಕೇಳಿದಷ್ಟೇ ತೆರೆಯುತ್ತದೆ. 1967ರ ಮಾದರಿಗಳಿಂದ ಜನರಲ್ ಮೋಟರ್ಸ್ ಕಾರ್ವೆಟ್‌ನಂಥ ಒಂದೆರಡು ಕಾರುಗಳನ್ನು ಬಿಟ್ಟು ಉಳಿದವಕ್ಕೆ ಒಂದಕ್ಕಿಂತ ಹೆಚ್ಚು ಕಾರ್ಬುರೇಟರ್ ಹಾಕಬಾರದೆಂದಾಗ, ಜಿಟಿಒದ ಮೂರು ಕಾರ್ಬುರೇಟರ್‌ಗಳ ಪ್ರಸಿದ್ಧ ಟ್ರೈ-ಪವರ್ ಹೋಗಿ ಇದೇ ಕ್ವಾಡ್ರಾಜೆಟ್ ಬಂದಿತು. 1966ರ ಟ್ರೈ-ಪವರ್ 389ಕ್ಕೂ ಮರುವರ್ಷದ 400 ಎಚ್‌ಒಗೂ ಕಾಗದದ ಮೇಲೆ ಒಂದೇ ಶಕ್ತಿ, 360 ಅಶ್ವಶಕ್ತಿ. ಆ ಎಂಜಿನಿಯರುಗಳು ದಡ್ಡರಾಗಿರಲಿಲ್ಲ.

ಸರಿ, ಮತ್ತೊಂದು ಕ್ವಾಡ್ರಾಜೆಟ್ ಹುಡುಕಿ ಹೊರಟೆ. 7029ರಿಂದ ಶುರುವಾಗುವ ಸಂಖ್ಯೆಯದಾದರೆ ಅದು 1969ರದು. ಅದಕ್ಕೆ ಸಂಗ್ರಾಹಕರು ಹೇಳುವ ಬೆಲೆ ಕೇಳಿ ಹಿಂದಿರುಗಿದೆ. ಹಳೆ ಬಿಡಿಭಾಗಗಳ ಸಂತೆಯಲ್ಲಿ ಎಪ್ಪತ್ತರ ದಶಕದ ಕೊನೆಯದೊಂದು, 1705ರ ಸಂಖ್ಯೆಯದು, ಐವತ್ತು ಡಾಲರಿಗೆ ಸಿಕ್ಕಿತು. ವಿದ್ಯುತ್ ಚೋಕ್ ಇತ್ತು, ಒಂದೇ ವೇಗದಲ್ಲಿ ಸಾಗುವಾಗಿನ (ಕ್ರೂಸ್) ಮಿಶ್ರಣ ಹೊಂದಿಸಲು ಎಪಿಟಿ ಎಂಬ ಸ್ಕ್ರೂ ಇತ್ತು. ‘ಸಂಖ್ಯೆ ತಾಳೆಯಾಗುವುದಿಲ್ಲ’ ಎಂದು ಮೂಗು ಮುರಿಯುವವರು ಮುರಿಯಲಿ. ಕೊಳ್ಳುವಾಗ ಪೆಟ್ರೋಲ್ ಒಳಬರುವ ಬಾಯಿ ನೋಡಿಕೊಳ್ಳಿ: ಷೆವ್ರೊಲೆಯದು ಪಕ್ಕಕ್ಕೆ, ನಮ್ಮ ಪಾಂಟಿಯಾಕ್‌ನದು ಮುಂದಕ್ಕೆ ಮುಖ ಮಾಡಿರುತ್ತದೆ.

ಮೊದಲು ಅದನ್ನು ರಿಪೇರಿಯವನೊಬ್ಬನಿಗೆ ಕಳಿಸಿದೆ. ಮುನ್ನೂರು ಡಾಲರಿಗೆ ಸ್ವಲ್ಪ ಕಡಿಮೆ. ಚಿನ್ನದ ಬಣ್ಣ ಹೊಳೆಯುತ್ತ ವಾಪಸು ಬಂದಿತು. ಆದರೆ ಒಂದು ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್ ಖಾಲಿ, ಸ್ಟಾರ್ಟರ್ ಮೋಟರ್ ಅಳುವಷ್ಟು ತಿರುಗಿಸಬೇಕು. ಬಿಚ್ಚಿ, ಬೌಲ್‌ಗೆ ಪೆಟ್ರೋಲ್ ತುಂಬಿ, ಕೆಳಗೆ ದಿನಪತ್ರಿಕೆ ಹಾಸಿ ಇಟ್ಟೆ. ಗಂಟೆಯೊಳಗೆ ಎರಡು ಒದ್ದೆ ವೃತ್ತಗಳು ಮೂಡಿದವು, ಸೆಕೆಂಡರಿಯ ಪೆಟ್ರೋಲ್ ಗುಂಡಿಗಳ ತಳ ಮುಚ್ಚುವ ಪ್ಲಗ್‌ಗಳಿಗೆ ಸರಿಯಾಗಿ ನೇರ ಕೆಳಗೆ. ಬಣ್ಣ ಬಳಿದವನು ಆ ಪ್ಲಗ್‌ಗಳನ್ನು ಮುಟ್ಟಿಯೂ ಇರಲಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ನನ್ನದೇ ಕೈ. ಪ್ಲಗ್ ಸುತ್ತಲಿನ ಲೋಹವನ್ನು ಹೊಳೆಯುವವರೆಗೆ ಉಜ್ಜಿ, ಕ್ಲೀನರ್‌ನಿಂದ ಜಿಡ್ಡು ತೆಗೆದು, ಪೆಟ್ರೋಲ್ ತಾಳುವ ಎಪಾಕ್ಸಿ ಬಳಿದು ಎರಡು ದಿನ ಮುಟ್ಟದೆ ಬಿಟ್ಟೆ. ಆಮೇಲೆ ದಿನಪತ್ರಿಕೆ ಒಣಗಿಯೇ ಉಳಿಯಿತು. ಶಾಫ್ಟ್‌ಗೆ ಹಿತ್ತಾಳೆಯ ಬುಶಿಂಗ್ ಹಾಕಿದೆ. ರೀಮರ್ ಜತೆಗಿನ ಕಿಟ್ ಇಪ್ಪತ್ತು ಡಾಲರ್ ಇರಬೇಕು. ರಿಪೇರಿ ಕಿಟ್ ಇನ್ನೊಂದು ನಲವತ್ತೈದು.

ಐಡಲ್‌ನದು ಬೇರೆಯದೇ ತಲೆನೋವು. ಈ ಕೊನೆಗಾಲದ ಕಾರ್ಬುರೇಟರ್‌ಗಳು ಹೊಗೆ ನಿಯಮಕ್ಕಾಗಿ ಐಡಲ್‌ನಲ್ಲಿ ತೀರಾ ತೆಳು, ಅಂದರೆ ಪೆಟ್ರೋಲ್ ಕಡಿಮೆ. ನನ್ನ ಕ್ಯಾಮ್‌ಗೆ ಅದು ಸಾಲುತ್ತಿರಲಿಲ್ಲ. ಐಡಲ್ ಮಿಶ್ರಣದ ಸ್ಕ್ರೂ ಪೂರ್ತಿ ಹೊರಗೆ ಬಿಚ್ಚಿದರೂ ಎಂಜಿನ್ ಕೆಮ್ಮುತ್ತಿತ್ತು. ಐಡಲ್ ಟ್ಯೂಬ್ ಒಳಗಿನ ರಂಧ್ರ ಇಂಚಿನ 33 ಸಾವಿರದಂಶದ ಸುತ್ತ ಇರುತ್ತದೆ. ವಿದ್ಯುತ್ ಡ್ರಿಲ್ ಹತ್ತಿರವೂ ತರಬೇಡಿ. ಪಿನ್ ವೈಸ್‌ನಲ್ಲಿ ಕೂದಲಿನಂಥ ಬಿಟ್ ಸಿಕ್ಕಿಸಿ, ಹೆಬ್ಬೆರಳು ತೋರುಬೆರಳ ನಡುವೆ ತಿರುವುತ್ತ, ಪ್ರತಿ ಅರ್ಧ ಸುತ್ತಿಗೆ ಹೊರತೆಗೆದು ಹಿತ್ತಾಳೆಯ ಪುಡಿ ಒರೆಸಿ ಮತ್ತೆ ಇಳಿಸಬೇಕು. 36ಕ್ಕೆ ನಿಲ್ಲಿಸಿದೆ. ಕೆಳಗಿನ ಮಿಶ್ರಣ ರಂಧ್ರಗಳನ್ನೂ ಅಷ್ಟಿಷ್ಟು ದೊಡ್ಡದು ಮಾಡಿದೆ. ಈಗ ಸ್ಕ್ರೂ ಮೂರು ಸುತ್ತಿನಾಚೆ ಇದೆ, ಮಾತು ಕೇಳುತ್ತದೆ. ಇದಕ್ಕೂ ಮೊದಲು ಕಿಡಿ ಹಾರುವ ಟೈಮಿಂಗ್ ಸರಿಮಾಡಿಕೊಂಡಿದ್ದೆ ಎಂದು ಬೇರೆ ಹೇಳಬೇಕಿಲ್ಲ: ಐಡಲ್‌ನಲ್ಲಿ 12 ಡಿಗ್ರಿ, ಒಟ್ಟು 34-35. ಟೈಮಿಂಗ್ ತಪ್ಪಿಟ್ಟುಕೊಂಡು ಕಾರ್ಬುರೇಟರ್ ಬೈಯುವವರೇ ಅರ್ಧ ಜನ.

ಇನ್ನು ಆ ಪ್ರಖ್ಯಾತ ಮುಗ್ಗರಿಕೆ. ಪೆಡಲ್ ಒತ್ತಿದಾಗ ಗಾಡಿ ಒಂದು ಕ್ಷಣ ಸತ್ತಂತಾಗುವುದಕ್ಕೆ ಎಲ್ಲರೂ ಆಕ್ಸಲರೇಟರ್ ಪಂಪಿನತ್ತ ಕೈ ತೋರಿಸುತ್ತಾರೆ. ನನ್ನದರಲ್ಲಿ ಕಾರಣ ಏರ್ ವಾಲ್ವ್: ಪೆಟ್ರೋಲ್ ಹೊರಡುವ ಮೊದಲೇ ಗಾಳಿ ನುಗ್ಗುತ್ತಿತ್ತು. ಆ ವಾಲ್ವಿನ ಸ್ಪ್ರಿಂಗ್ ಬಿಗಿಯುವ ಸ್ಕ್ರೂ ಪಕ್ಕದಲ್ಲಿದೆ, ಅದನ್ನು ಹಿಡಿದಿಡುವುದು ಒಂದು ಪುಟ್ಟ ಅಲೆನ್ ಸ್ಕ್ರೂ. ಸ್ಪ್ರಿಂಗ್ ವಾಲ್ವಿಗೆ ತಾಗಿದಲ್ಲಿಂದ ಅರ್ಧ ಸುತ್ತು ಬಿಗಿದೆ, ಸುಧಾರಿಸಿತು. ಮುಕ್ಕಾಲಿಗೆ ಹೋದಾಗ ಮುಗ್ಗರಿಕೆ ಹೋಯಿತು, ಜತೆಗೆ ಸೆಕೆಂಡರಿ ತೆರೆಯುವುದೂ ಸೋಮಾರಿಯಾಯಿತು. ಸ್ಪ್ರಿಂಗ್ ಒಂದರಿಂದಲೇ ಇದು ಬಗೆಹರಿಯುವುದಿಲ್ಲ, ಆ ವಾಲ್ವನ್ನು ವ್ಯಾಕ್ಯೂಮ್‌ನಿಂದ ತಡೆಹಿಡಿಯುವ ಚೋಕ್ ಪುಲ್-ಆಫ್ ಎಷ್ಟು ನಿಧಾನವಾಗಿ ಬಿಟ್ಟುಕೊಡುತ್ತದೆ ಎಂಬುದೂ ಮುಖ್ಯ. ಅದರ ವ್ಯಾಕ್ಯೂಮ್ ದಾರಿಯಲ್ಲಿ ನಾನೊಂದು ಸಣ್ಣ ತಡೆ ಇಟ್ಟಿದ್ದೇನೆ. ಆ ರಂಧ್ರದ ಅಳತೆ ಮಾತ್ರ ನನ್ನಲ್ಲೇ ಇರಲಿ. ಕಂಡುಕೊಳ್ಳಲು ಒಂದಿಡೀ ಬೇಸಿಗೆ ಹೋಗಿದೆ.

ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಎಂದು ತೋರಿಸುವ ವೈಡ್‌ಬ್ಯಾಂಡ್ ಮೀಟರ್‌ಗೆ ಇನ್ನೂರು ಡಾಲರ್, ಅದರ ಸೆನ್ಸರ್ ಕೂರಲು ಎಕ್ಸಾಸ್ಟ್‌ಗೆ ಬಂಗ್ ಬೆಸೆಯಲು ಅರವತ್ತು. ಇಡೀ ಖರ್ಚಿನಲ್ಲಿ ಇದೊಂದಕ್ಕೆ ನಾನು ಮರುಗಿಲ್ಲ. ಕ್ರೂಸ್‌ನಲ್ಲಿ 14ರ ಆಸುಪಾಸು, ಪೂರ್ತಿ ಥ್ರಾಟಲ್‌ನಲ್ಲಿ 12.6 ನನ್ನ ಗುರಿ. ಎಪಿಟಿ ಸ್ಕ್ರೂಗೆ ಮೇಲಿನಿಂದಲೇ ಕೈ ಸಿಗುವಂತೆ ಮುಚ್ಚಳ ಕೊರೆದುಕೊಂಡೆ. ಹೆದ್ದಾರಿ ಬದಿಯಲ್ಲಿ ನಿಂತು ಕಾಲು ಸುತ್ತು ತಿರುವಿ ಮತ್ತೆ ಹೊರಡಬಹುದು. ಮೈಸೂರಿನ ಯೆಜ್ಡಿ ಬಿಚ್ಚಿ ಜೋಡಿಸಿದವರಿಗೆ ಇದು ಹೊಸತಲ್ಲ: ಸೂಜಿಯ ಕ್ಲಿಪ್ ಒಂದು ಗೀರು ಇಳಿಸಿದರೆ ಸೂಜಿ ಏರಿ ಮಿಶ್ರಣ ದಟ್ಟವಾಗುತ್ತದೆ. ಇಲ್ಲಿ ಸೂಜಿ ನಾಲ್ಕು, ಅಷ್ಟೇ ವ್ಯತ್ಯಾಸ. ಸೆಕೆಂಡರಿಯ ಸೂಜಿಗಳು, ಅಂದರೆ ರಾಡ್‌ಗಳು, ಜೋಡಿಗೆ ಹದಿನೈದು ಡಾಲರ್ ಬಿದ್ದವು. ನಾಲ್ಕಾರು ಜೋಡಿ ತರಿಸಿದ ಮೇಲೆ ಬುದ್ಧಿ ಬಂದು, ಹಳೆಯ ಜೋಡಿಯೊಂದನ್ನು ಡ್ರಿಲ್‌ಗೆ ಸಿಕ್ಕಿಸಿ ಎಮರಿ ಕಾಗದದಲ್ಲಿ ನಾನೇ ತೆಳುಮಾಡಿದೆ. ತುದಿ 57 ಸಾವಿರದಂಶದಿಂದ 50ರ ಹತ್ತಿರ ಬಂದಾಗ ಮೀಟರ್ ಬೇಕಾದಲ್ಲಿ ನಿಂತಿತು. ಎರಡೂ ರಾಡ್‌ಗಳ ಅಳತೆ ಮೈಕ್ರೋಮೀಟರ್‌ನಲ್ಲಿ ಒಂದೇ ಬರಬೇಕು.

ನಡುವೆ ಬಿಸಿಯ ಕಾಟ. ಎಥನಾಲ್ ಬೆರೆತ ಪೆಟ್ರೋಲ್ ಎಂಜಿನ್ ಆರಿಸಿದ ಮೇಲೆ ಬೌಲ್‌ನಲ್ಲೇ ಕುದಿಯುತ್ತದೆ, ಅಂಗಡಿಯಿಂದ ಹಾಲು ತಂದು ಬರುವಷ್ಟರಲ್ಲಿ ಗಾಡಿ ಮುನಿದಿರುತ್ತದೆ. ಪೈಪಿಗೆ ಅಲ್ಯುಮಿನಿಯಂ ಹಾಳೆ ಸುತ್ತಿದೆ, ನಿಷ್ಪ್ರಯೋಜಕ. ಬಿಸಿ ತಡೆಯುವ ಫೀನಾಲಿಕ್ ಸ್ಪೇಸರ್ ಇಟ್ಟೆ, ಮತ್ತೆ ಬಾನೆಟ್ ಗಲಾಟೆ. ಎಥನಾಲ್ ಇಲ್ಲದ ಪೆಟ್ರೋಲ್ ಹಾಕಿದೆ. ಕುದಿಯುವುದು ಕಡಿಮೆಯಾಯಿತು, ಜೇಬಿಗೆ ಕುದಿ ಹತ್ತಿತು. ಕೊನೆಗೆ ಕಾರ್ಬುರೇಟರ್ ಅಡಿಯಲ್ಲಿ ಬಿಸಿ ಹೊಗೆ ಹಾಯಿಸಿ ಚಳಿಯಲ್ಲಿ ಅದನ್ನು ಬೆಚ್ಚಗಿಡುವ ಎಕ್ಸಾಸ್ಟ್ ಕ್ರಾಸ್‌ಓವರ್ ದಾರಿಯನ್ನು ತೆಳು ಸ್ಟೇನ್‌ಲೆಸ್ ತಗಡಿನಿಂದ ಮುಚ್ಚಿದೆ. ಮಿಷಿಗನ್ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಈ ಕಾರು ಹೇಗೂ ಹೊರಬರುವುದಿಲ್ಲ, ಹಾಗಾಗಿ ನನಗೆ ನಷ್ಟವಿಲ್ಲ.

ಹೆದ್ದಾರಿಯಲ್ಲಿ ಈಗ ಗ್ಯಾಲನ್‌ಗೆ ಹದಿನೈದು ಮೈಲಿಯ ಹತ್ತಿರ ಕೊಡುತ್ತದೆ. ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆ ಕಾರುಗಳ ಮೆರವಣಿಗೆಯಾದ ಡ್ರೀಮ್ ಕ್ರೂಸ್‌ಗೆ ಬಂದ ಗಾಡಿಗಳೆಲ್ಲ ತೆವಳುವಾಗ ಗಂಟೆಗಟ್ಟಲೆ ಐಡಲ್‌ನಲ್ಲಿ ನಿಂತರೂ ಸ್ಪಾರ್ಕ್ ಪ್ಲಗ್ ಮಸಿ ಹಿಡಿಯಲಿಲ್ಲ. ನನ್ನ ಮುಂದಿದ್ದ ದುಬಾರಿ ಕಾರ್ಬುರೇಟರಿನವನು ಎರಡು ಬಾರಿ ಬದಿಗೆ ಎಳೆದು ನಿಲ್ಲಿಸಿದ. ಕಾಲು ಮೈಲಿಯ ಓಟ ಹದಿನಾಲ್ಕೂ ಚಿಲ್ಲರೆ ಸೆಕೆಂಡಿಗೆ ಇಳಿದಿದೆ, ಡಬಲ್ ಪಂಪರ್‌ಗಿಂತ ಕೂದಲೆಳೆಯಷ್ಟು ಬೇಗ. ಆದರೆ ಮೂರನೇ ಗೇರಿನ ಕೊನೆಯಲ್ಲಿ ಮೀಟರ್ 13.4ರತ್ತ ಜಾರುತ್ತಿದೆ, ಬೌಲ್ ಖಾಲಿಯಾಗುತ್ತಿರುವ ಲಕ್ಷಣ. ಬೌಲ್‌ಗೆ ಪೆಟ್ರೋಲ್ ಹೆಚ್ಚು ಬಿಡುವ 135ರ ನೀಡಲ್ ಮತ್ತು ಸೀಟ್ ತರಿಸಿಟ್ಟಿದ್ದೇನೆ. ಪೆಟ್ರೋಲ್ ಒತ್ತಡ ಐದೂವರೆ ಪೌಂಡ್ ದಾಟಿಸದೆ ಅದನ್ನು ಕೂರಿಸಿ ನೋಡಬೇಕು.