ರೆಸಾರ್ಟಿನ ಮೇಲ್ಖರ್ಚು: ನನ್ನ ಖಾಲಿ ಹೊತ್ತಿನ ಲೆಕ್ಕ

ಐದು ಜನ, ಎರಡು ರಾತ್ರಿ, ಮಡಿಕೇರಿ ಹತ್ತಿರದ ಒಂದು ರೆಸಾರ್ಟು. ಮೇಲ್ಖರ್ಚಿಗೆ ಅಂತ 13,000 ಎತ್ತಿಟ್ಟಿದ್ದೆ. ಸಾವಿರದ ಚಿಲ್ಲರೆ ಉಳಿಸಿಕೊಂಡು ಬಂದೆವು. ಯಾರೂ ಬಾಯಿ ಕಟ್ಟಲಿಲ್ಲ, ಮಕ್ಕಳು ಮುಖ ಊದಿಸಿಕೊಳ್ಳಲಿಲ್ಲ. ಹೊರಡುವ ಮುಂಚೆ ತಂಗಿ ಗಂಡ, "ಅಕ್ಕಾ, ಲೆಕ್ಕ ಬರೆಯೋಕೆ ಕೊಡಗಿಗೆ ಯಾಕೆ ಹೋಗ್ಬೇಕು? ಮನೇಲೇ ಕೂತು ಬರೀಬಹುದಲ್ವಾ?" ಅಂತ ನಗಾಡಿದ್ದ. ಈಗ ಅವನೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾನೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ರೂಮ್ ಬುಕ್ ಮಾಡುವುದು, ಸೀಸನ್ ನೋಡುವುದು, ಸಿಪಿ ಪ್ಲಾನೋ (ರೂಮಿನ ಜೊತೆ ತಿಂಡಿ ಮಾತ್ರ) ಎಂಎಪಿ ಪ್ಲಾನೋ (ತಿಂಡಿ, ಜೊತೆಗೆ ಒಂದು ಹೊತ್ತಿನ ಊಟ) ಅನ್ನುವುದು ನಿಮಗೆಲ್ಲ ಗೊತ್ತಿರೋದೇ. ಅದನ್ನು ಬಿಡುತ್ತೇನೆ. ರೂಮಿನ ದುಡ್ಡು ಕಟ್ಟಿ ಆದ ಮೇಲೆ ಕೈಯಿಂದ ಜಾರುವ ದುಡ್ಡಿನ ಕಥೆ ಮಾತ್ರ ಇದು.

ಹಿಂದೆ ನಾನು ಮಾಡುತ್ತಿದ್ದ ಲೆಕ್ಕ ಸುಲಭ. ಪ್ಯಾಕೇಜಿನ ಕಾಲು ಭಾಗ ಮೇಲ್ಖರ್ಚಿಗೆ. 28,000 ಪ್ಯಾಕೇಜ್ ಆದರೆ 7,000. ಹೇಳೋಕೆ ಚೆನ್ನಾಗಿದೆ, ನಡೆಯಲ್ಲ. ಯಾಕೆ ಅಂದರೆ ಪ್ಯಾಕೇಜ್ ಅಗ್ಗ ಆದಷ್ಟೂ ಮೇಲ್ಖರ್ಚು ಜಾಸ್ತಿ. ಕಬಿನಿಯಲ್ಲಿ ಜಂಗಲ್ ಲಾಡ್ಜಸ್‌ನಲ್ಲಿ ಉಳಿದಿದ್ದೆವು. ಊಟ, ತಿಂಡಿ, ಸಫಾರಿ ಎಲ್ಲ ಸೇರಿಸಿ ತಲೆಗಿಷ್ಟು ಅಂತ ತಗೊಂಡರು, ಭಾರೀ ಅನ್ನಿಸಿತು. ಆದರೆ ಅಲ್ಲಿ ಪರ್ಸ್ ತೆಗೆಯುವ ಸಂದರ್ಭವೇ ಬರಲಿಲ್ಲ. ಅದೇ ಚಿಕ್ಕಮಗಳೂರಲ್ಲಿ ತಿಂಡಿ ಮಾತ್ರ ಸೇರಿದ ಅಗ್ಗದ ರೂಮು ಸಿಕ್ಕಿತು ಅಂತ ಹಿಗ್ಗಿದೆವು, ಮೇಲ್ಖರ್ಚು ರೂಮಿನ ಬಾಡಿಗೆಯನ್ನೇ ದಾಟಿತು. ಶೇಕಡಾ ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ದಿನಕ್ಕಿಷ್ಟು ಅಂತ ಹಾಕಿದೆ. ದಿನಕ್ಕೆ 4,000. ಮೊದಲ ದಿನ ದಾರಿಯಲ್ಲೇ ಅರ್ಧ ಹೋಯಿತು. ನಡುವಿನ ದಿನ ಉಳಿದಿದ್ದನ್ನು ನೋಡಿ ಎಲ್ಲರಿಗೂ ಧೈರ್ಯ ಬಂತು, "ಉಳಿದಿದೆಯಲ್ಲಾ, ದೀಪ ಹಚ್ಚಿ ಟೇಬಲ್ ಹಾಕ್ತಾರಂತೆ, ಅಲ್ಲೇ ಊಟ ಮಾಡೋಣ" ಅಂದರು. ಕೊನೆಯ ದಿನ ಕಾಫಿಪುಡಿ, ಕರಿಮೆಣಸು, ಜೇನು, ಚಾಕೊಲೇಟು ಅಂತ ಎಲ್ಲ ಒಟ್ಟಿಗೆ ಬಂದು ತಲೆ ಮೇಲೆ ಬಿತ್ತು. ರೆಸಾರ್ಟಿನಲ್ಲಿ ಎಲ್ಲ ದಿನವೂ ಒಂದೇ ತೂಕದ್ದಲ್ಲ. ಎರಡನೇ ದಿನ ಹಗುರ, ಮೂರನೇ ದಿನ ಭಾರ.

ಕವರ್ ಪದ್ಧತಿಯನ್ನೂ ಮಾಡಿ ನೋಡಿದ್ದೇನೆ. ಊಟಕ್ಕೊಂದು ಕವರ್, ಸುತ್ತಾಟಕ್ಕೊಂದು, ಸಾಮಾನಿಗೊಂದು. ಕವರಿನಲ್ಲಿ ನೋಟು ಹಾಗೇ ಇದ್ದವು, ನಮ್ಮೋರ ಫೋನಿನಿಂದ ದುಡ್ಡು ಹೋಗುತ್ತಲೇ ಇತ್ತು! ಇನ್ನು "ರೂಮಿಗೆ ಹಾಕಿ" ಅನ್ನೋ ಮಾತು, ಅಂದರೆ ಈಗ ಸಹಿ ಹಾಕಿ ದುಡ್ಡು ಹೊರಡುವಾಗ ಕೊಡೋದು. ಅದೊಂದು ಮಾತು ಯಾವ ಲೆಕ್ಕವನ್ನೂ ಉಳಿಸಲ್ಲ.

ಒಂದು ರೆಸಾರ್ಟಿನಲ್ಲಿ ಹೊರಡುವ ಬೆಳಿಗ್ಗೆ ಕೌಂಟರಿನಲ್ಲಿ ಬಿಲ್ಲು ಬಂತು, ಎರಡು ಹಾಳೆ, ಎರಡನೆಯದು ಪೂರ್ತಿ ತುಂಬಿತ್ತು. ಮಸಾಲಾ ಟೀ ಕಪ್ಪಿಗೆ 120ರ ಹಾಗೆ ಹದಿನಾರೋ ಹದಿನೇಳೋ ಸಲ. ಫ್ರೆಂಚ್ ಫ್ರೈಸ್ ನಾಲ್ಕು ಕಡೆ. ಅತ್ತೆಗೆ ಅಂತ ತರಿಸಿದ ಮಜ್ಜಿಗೆ, ಅದಕ್ಕೊಂದು ಸಾಲು. ಕ್ಯಾಂಪ್‌ಫೈರಿನ ಸೌದೆಗೊಂದು ಸಾಲು. ನೀರಿನ ಬಾಟಲಿ 80 ರೂಪಾಯಿ. ಕೆಳಗೆ ತೆರಿಗೆ, ಅದರ ಕೆಳಗೆ ಸರ್ವಿಸ್ ಚಾರ್ಜು. ಎಲ್ಲದರ ಪಕ್ಕ ನಮ್ಮದೇ ಸಹಿ, ಅರ್ಧ ಸಹಿ ನನ್ನ ಮಗನದು. ಐದನೇ ಕ್ಲಾಸಿನ ಹುಡುಗ, ಸಹಿ ಹಾಕುವ ಖುಷಿಗೇ ಹಾಕಿದ್ದಾನೆ. ಹನ್ನೊಂದು ಸಾವಿರದ ಹತ್ತಿರ ಆಗಿತ್ತು.

ನಮ್ಮೋರು ಬಾಟಲಿ ಮೇಲೆ ಎಂಆರ್‌ಪಿ 20 ಅಂತ ಇದೆ ಅಂತ ಜಗಳಕ್ಕೆ ನಿಂತರು. ಅದು ಗೆಲ್ಲುವ ಜಗಳ ಅಲ್ಲ. ಹೋಟೆಲಿನವರು ನೀರಿನ ಬಾಟಲಿಯನ್ನು ಎಂಆರ್‌ಪಿಗಿಂತ ಜಾಸ್ತಿಗೆ ಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಗೆಲ್ಲುವ ಜಗಳ ಸರ್ವಿಸ್ ಚಾರ್ಜಿನದು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೆತ್ತಗೆ "ಇದೊಂದು ತೆಗೆದುಬಿಡಿ" ಅಂದರೆ ಸಾಕು, ಸಾಮಾನ್ಯವಾಗಿ ತೆಗೆಯುತ್ತಾರೆ. ನೀರಿಗೆ ನನ್ನ ಪರಿಹಾರ ಬೇರೆ. ಡಿಕ್ಕಿಯಲ್ಲಿ 20 ಲೀಟರ್ ಕ್ಯಾನು, ಮೇಲೆ ಒತ್ತುವ ಪಂಪು. ಮನೆಯದೇ ಬಾಟಲಿಗಳಿಗೆ ತುಂಬಿಸಿಕೊಳ್ಳೋದು. ಮಗಳಿಗೆ ನಾಚಿಕೆ ಆಗುತ್ತಂತೆ, ಆಗಲಿ.

ಆ ಎರಡು ಹಾಳೆಯನ್ನು ಮನೆಗೆ ತಂದು ಒಂದು ಕೆಲಸ ಮಾಡಿದೆ. ಪ್ರತಿ ಸಾಲಿನ ಪಕ್ಕ ಗಂಟೆ ಬರೆದೆ. ಆಗ ಗೊತ್ತಾಯಿತು. ಊಟ ತಿಂಡಿಯ ಹೊತ್ತಿನಲ್ಲಿ ಒಂದು ರೂಪಾಯಿಯೂ ಹೋಗಿಲ್ಲ. ಹೋಗಿರೋದೆಲ್ಲ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ. ತಿಂಡಿ ಆಗಿ ಹನ್ನೊಂದು ಗಂಟೆಗೆ, ಈಜುಕೊಳದಿಂದ ಎದ್ದು ಬಂದ ನಾಲ್ಕೂವರೆಗೆ, ರಾತ್ರಿ ಊಟ ಆಗಿ ನಿದ್ದೆ ಬರದ ಒಂಬತ್ತೂವರೆಗೆ. ಹೊಟ್ಟೆ ತುಂಬಿದೆ, ಕೈ ಖಾಲಿ ಇದೆ, ಆಗಲೇ ದುಡ್ಡು ಹೋಗೋದು.

ಹಾಗಾಗಿ ನಾನು ಈಗ ದಿನವನ್ನೂ ಎಣಿಸಲ್ಲ, ತಲೆಯನ್ನೂ ಎಣಿಸಲ್ಲ. ಪ್ಯಾಕೇಜಿನಲ್ಲಿ ಸೇರದ ಹೊತ್ತುಗಳನ್ನು ಎಣಿಸುತ್ತೇನೆ. ಈ ಸಲ ತಿಂಡಿ, ರಾತ್ರಿ ಊಟ ಸೇರಿತ್ತು. ಮನೆ ಬಿಟ್ಟಾಗಿನಿಂದ ಮನೆ ಸೇರುವ ತನಕ ಖಾಲಿ ಹೊತ್ತು ಹನ್ನೊಂದು ಬಂತು. ಮೊದಲ ದಿನ ದಾರಿಯ ತಿಂಡಿಗೆ 600, ಕುಶಾಲನಗರದಲ್ಲಿ ಮಧ್ಯಾಹ್ನದ ಊಟಕ್ಕೆ 1,200, ಸಂಜೆ ಟೀಗೆ 300, ರಾತ್ರಿಗೆ 200. ಎರಡನೇ ದಿನ ಬೆಳಿಗ್ಗೆ ಮಾಂದಲ್‌ಪಟ್ಟಿ ಜೀಪಿಗೆ 2,200, ಮಧ್ಯಾಹ್ನಕ್ಕೆ 1,500, ಮತ್ತೆ ಟೀ, ಮತ್ತೆ ರಾತ್ರಿ. ಮೂರನೇ ದಿನ ಮಡಿಕೇರಿ ಪೇಟೆಗೆ 3,000, ಊಟಕ್ಕೆ 1,200, ದಾರಿ ಕಾಫಿಗೆ 400. ಮಕ್ಕಳಿಗೆ ತಲಾ 500. ಟಿಪ್ಸಿಗೆ ಒಂದು 700. ಕೂಡಿದರೆ 12,800, ಹತ್ತಿರ ಹತ್ತಿರ 13,000.

ಒಂದು ಹೊತ್ತಿನ ದುಡ್ಡು ಉಳಿದರೆ ಮುಂದಿನ ಹೊತ್ತಿಗೆ ಹೋಗಲ್ಲ, ನೇರ ಕೊನೆಯ ದಿನದ ಪೇಟೆಗೆ ಹೋಗುತ್ತೆ. ಈ ಒಂದು ಕಟ್ಟುಪಾಡೇ ಇಡೀ ಪದ್ಧತಿಯನ್ನು ಹಿಡಿದು ನಿಲ್ಲಿಸಿದ್ದು. ನಾಲ್ಕೂವರೆಗೆ ಟೀ ಬೇಡ ಅಂದವರಿಗೆ ಮಡಿಕೇರಿಯಲ್ಲಿ ಚಾಕೊಲೇಟ್ ಜಾಸ್ತಿ. ಮಕ್ಕಳಿಗೆ ಇದು ಎಷ್ಟು ಬೇಗ ಅರ್ಥ ಆಯಿತು ಅಂದರೆ ಎರಡನೇ ದಿನ ಅವರೇ ಅಪ್ಪನಿಗೆ ಕೋಲ್ಡ್ ಕಾಫಿ ಬೇಡ ಅಂದರು.

ಪೆಟ್ರೋಲು, ಟೋಲು ಈ ಲೆಕ್ಕದಲ್ಲಿಲ್ಲ, ಅದು ಮನೆ ಖಾತೆ. ನಮ್ಮೋರು ಊರಿಗೆ ಓಡಾಡುತ್ತಾ ಇರುವುದರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದ್ದಾರೆ, 200 ಟ್ರಿಪ್ಪಿನದು. ಮೈಸೂರು ರಸ್ತೆಯ ಟೋಲೆಲ್ಲ ಅದರಲ್ಲೇ ಹೋಗುತ್ತೆ. ಹೊಸ ಹೆದ್ದಾರಿ ಬಿಡದಿ, ಮದ್ದೂರು ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತಲ್ಲ, ಮೇಲಿನ ಫುಡ್ ಕೋರ್ಟುಗಳಲ್ಲಿ ನಿಂತರೆ ಐದು ಜನಕ್ಕೆ 600 ಸಾಲಲ್ಲ. ಹತ್ತು ನಿಮಿಷ ಹೋದರೆ ಹೋಗಲಿ, ಹಳೇ ರಸ್ತೆಗೆ ಇಳಿದು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮತ್ತೆ ಹತ್ತಿದೆವು. ನಾನೂರ ಚಿಲ್ಲರೆಯಲ್ಲಿ ಮುಗಿಯಿತು.

ದುಡ್ಡು ಎಲ್ಲಿಡೋದು ಅನ್ನೋದು ಇನ್ನೊಂದು ತಲೆನೋವು. ಮನೆಯಲ್ಲಿ ಬಳಸದೆ ಬಿದ್ದಿದ್ದ ಒಂದು ಉಳಿತಾಯ ಖಾತೆ ಇತ್ತು. ತಿಂಗಳಿಗೆ ಸಾವಿರದಂತೆ ಆರ್‌ಡಿ ಕಟ್ಟಿ, ಅದು ಮುಗಿದಾಗ ಆ ಖಾತೆಗೇ ಬೀಳುವ ಹಾಗೆ ಮಾಡಿದೆ. ಪ್ರವಾಸದಲ್ಲಿ ಯುಪಿಐ ಇರೋದು ಆ ಖಾತೆಗೆ ಮಾತ್ರ, ದೊಡ್ಡವರಲ್ಲಿ ನನ್ನ ಫೋನಿನಲ್ಲಿ ಮಾತ್ರ. ಚಿಕ್ಕಪುಟ್ಟದಕ್ಕೆ ಯುಪಿಐ ಲೈಟ್. ಅದರಲ್ಲಿ 5,000ಕ್ಕಿಂತ ಜಾಸ್ತಿ ತುಂಬಲು ಬರಲ್ಲ, ಒಂದು ಸಲಕ್ಕೆ 1,000 ದಾಟಲ್ಲ. ಅದೇ ನನಗೆ ಬೇಕಿದ್ದಿದ್ದು. ನಮ್ಮೋರ ಫೋನಿನಿಂದ ಪಾವತಿ ಆ್ಯಪನ್ನು ಮೂರು ದಿನದ ಮಟ್ಟಿಗೆ ತೆಗೆಸಿದೆ. ಒಪ್ಪಿಸೋಕೆ ಹೇಗೆ ಸಾಧ್ಯ ಆಯಿತು ಅಂತ ಕೇಳಬೇಡಿ, ಅದನ್ನ ಬರೆಯಲ್ಲ.

ಕೊಡಗಿನ ತೋಟಗಳ ನಡುವೆ ನೆಟ್‌ವರ್ಕ್ ನಂಬೋ ಹಾಗಿಲ್ಲ. ಜೀಪಿನವನಿಗೆ, ಎಳನೀರಿಗೆ, ಪಾರ್ಕಿಂಗಿಗೆ ನಗದೇ ಗತಿ. 3,500 ನಗದು ಇಟ್ಟುಕೊಂಡಿದ್ದೆ, ಅದರಲ್ಲಿ 500ರ ನೋಟು ಎರಡೇ. ಉಳಿದಿದ್ದೆಲ್ಲ 100, 50, 20. ಚಿಲ್ಲರೆ ಇಲ್ಲದೆ "ಇರ್ಲಿ ಬಿಡಿ" ಅಂತ ಬಿಟ್ಟುಬರುವ ದುಡ್ಡು ಎಷ್ಟು ಅಂತ ಯಾರೂ ಲೆಕ್ಕ ಹಾಕಲ್ಲ. ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಒಳಗೆ ಹೋಗೋಕೆ ದುಡ್ಡಿಲ್ಲ, ಹೊರಗೆ ಮೊಮೋ ಅಂಗಡಿ ಇದೆ. ಅಲ್ಲಿ 20ರ ನೋಟುಗಳು ಬಹಳ ಕೆಲಸಕ್ಕೆ ಬಂದವು.

"ರೂಮಿಗೆ ಹಾಕಿ" ಅನ್ನೋದನ್ನು ಬುಡದಲ್ಲೇ ಕತ್ತರಿಸಿದೆ. ಚೆಕ್-ಇನ್ ಮಾಡುವಾಗಲೇ ಕೌಂಟರಿನಲ್ಲಿ, ನಮ್ಮ ರೂಮಿಗೆ ಏನನ್ನೂ ಸೇರಿಸಬೇಡಿ, ತಗೊಂಡಲ್ಲೇ ಕೊಡುತ್ತೇವೆ ಅಂದೆ. ಆ ಹುಡುಗ ಒಂದು ಕ್ಷಣ ನೋಡಿದ, ಆಮೇಲೆ ಕಂಪ್ಯೂಟರಿನಲ್ಲಿ ಏನೋ ಒತ್ತಿ "ಆಯ್ತು ಮೇಡಂ" ಅಂದ. ಹೊರಡುವ ದಿನ ಬಿಲ್ಲು ಸೊನ್ನೆ. ಕೀ ಕೊಟ್ಟು ಎರಡು ನಿಮಿಷದಲ್ಲಿ ಗೇಟಿನಾಚೆ ಇದ್ದೆವು.

ತೆರಿಗೆ ವಿಷಯ ಒಂದು ಹೇಳಿಬಿಡಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ತನಕದ ರೂಮಿಗೆ ಜಿಎಸ್‌ಟಿ ಶೇ. 5, ಅದು ದಾಟಿದರೆ ಶೇ. 18. 7,400ಕ್ಕೂ 7,600ಕ್ಕೂ ಇರೋ ವ್ಯತ್ಯಾಸ 200 ಅಲ್ಲ, ತೆರಿಗೆ ಸೇರಿದರೆ ಸಾವಿರ ದಾಟುತ್ತೆ. ಅಂಥ ದುಬಾರಿ ರೂಮುಗಳಿರುವ ರೆಸಾರ್ಟಿನ ಒಳಗೆ ತಿನ್ನುವ ಪಕೋಡಕ್ಕೂ ಸಾಮಾನ್ಯವಾಗಿ ಶೇ. 18. ಅದೇ ಪಕೋಡಕ್ಕೆ ಪೇಟೆಯ ಹೋಟೆಲಿನಲ್ಲಿ ಶೇ. 5. ಮಧ್ಯಾಹ್ನದ ಊಟವನ್ನು ನಾನು ಯಾವತ್ತೂ ಹೊರಗೇ ಇಡೋದು ಇದಕ್ಕೇ. ಹೊರಗಡೆ ಕಡಂಬುಟ್ಟು, ಕೋಳಿ ಕರಿ ತಿಂದು ಐದು ಜನಕ್ಕೆ 1,400 ಆಗಿರಬೇಕು. ರೆಸಾರ್ಟಿನಲ್ಲಿ ಅದೇ ದುಡ್ಡಿಗೆ ಇಬ್ಬರ ಬಫೆ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಮನೆಯಿಂದ ಕೆಟಲ್, ಹಾಲಿನ ಪುಡಿ, ಡಿಕಾಕ್ಷನ್ ಬಾಟಲಿ ಒಯ್ದಿದ್ದೆ. ರೂಮಿನಲ್ಲಿ ಕೆಟಲ್ ಇದ್ದೇ ಇತ್ತು, ನಮ್ಮದು ಸುಮ್ನೆ ಭಾರ. ಹಾಲಿನ ಪುಡಿ ಕಾಫಿ ಅತ್ತೆ ಬಾಯಿಗೆ ಹತ್ತಲೇ ಇಲ್ಲ, "ಇದು ಕಾಫಿ ಅಲ್ಲ ಕಣಮ್ಮಾ, ಗಂಜಿ" ಅಂದರು. ಅಡುಗೆಮನೆಯಿಂದ ಬಿಸಿ ಹಾಲು ಒಂದು ಜಗ್ ಕೇಳಿ ನೋಡಿದೆ, ನೂರು ರೂಪಾಯಿಗೆ ಕೊಟ್ಟರು. ನಮ್ಮ ಡಿಕಾಕ್ಷನ್ ಬೆರೆಸಿ ಐದು ಲೋಟ ಆಯಿತು. ಇದು ಎಲ್ಲ ಕಡೆ ನಡೆಯುತ್ತೋ ಇಲ್ಲವೋ, ಅಲ್ಲಿ ನಡೆಯಿತು.

ಮಗಳಿಗೆ ಯುಪಿಐ ಸರ್ಕಲ್‌ನಲ್ಲಿ (ನನ್ನ ಖಾತೆಯ ದುಡ್ಡನ್ನು ಅವಳ ಫೋನಿನಿಂದ ಕೊಡುವ ಅನುಕೂಲ) 500ರ ಮಿತಿ ಹಾಕಿಕೊಟ್ಟೆ, ಮಗನಿಗೆ 500 ನಗದು. ಯಾರ ದುಡ್ಡು ಮೊದಲು ಖರ್ಚಾಗುತ್ತೆ ನೋಡೋಣ ಅಂತ. ಮಗಳದು ಮೊದಲ ಸಂಜೆಯೇ ಮುಗಿಯಿತು. ಮಗ ಮಡಿಕೇರಿಯ ಚಾಕೊಲೇಟ್ ಅಂಗಡಿಯ ಮುಂದೆ ನಿಂತು ನೋಟುಗಳನ್ನು ಎರಡು ಸಲ ಎಣಿಸಿದ. 100 ಗ್ರಾಂ ತೂಗಿಸಿದ, ರೇಟು ಕೇಳಿದ, 50 ಗ್ರಾಂಗೆ ಇಳಿಸಿದ, ಅಂಗಡಿಯವರು ಎರಡು ತುಂಡು ಸುಮ್ನೆ ಕೈಗೆ ಹಾಕಿದರು. ಅವನು 280 ರೂಪಾಯಿ ವಾಪಸ್ ತಂದಿದ್ದಾನೆ. ಇನ್ನು ಮೇಲೆ ಇಬ್ಬರಿಗೂ ನಗದೇ.

ನಾವು ಹೋಗಿದ್ದು ಬುಧವಾರದಿಂದ ಶುಕ್ರವಾರ. ವಾರದ ನಡುವೆ ರೂಮು ಅಗ್ಗ ಅನ್ನೋದು ಒಂದು, ಮಡಿಕೇರಿ ಸಂತೆ ಶುಕ್ರವಾರ ಅನ್ನೋದು ಇನ್ನೊಂದು. ಅತ್ತೆ ಸಂತೆಯಲ್ಲಿ ಸೂಜಿಮೆಣಸು, ತರಕಾರಿ ಅಂತ ಚೀಲ ತುಂಬಿಸಿದರು, 200 ಆಗಿದ್ದರೆ ಹೆಚ್ಚು. ಕರಿಮೆಣಸು, ಕಾಫಿಪುಡಿ, ಒಂದು ಬಾಟಲಿ ಕಾಚಂಪುಳಿ (ಕೊಡಗಿನವರು ಅಡುಗೆಗೆ ಹಾಕುವ ಹುಳಿ) ಪೇಟೆಯ ಅಂಗಡಿಯಲ್ಲಿ. ರೆಸಾರ್ಟಿನ ಅಂಗಡಿಯಲ್ಲಿ ಅದೇ ಮೆಣಸಿಗೆ ಒಂದೂವರೆ ಪಟ್ಟು ಇತ್ತು, ಚೆಂದದ ಸೆಣಬಿನ ಚೀಲದಲ್ಲಿ ಹಾಕಿದ್ದರು ಅಷ್ಟೇ.

ಬುಕ್ ಮಾಡುವಾಗ ಫೋನಿನಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಸಂಜೆ ಟೀ-ಪಕೋಡ ಎಷ್ಟೋ ಸಲ ಪ್ಯಾಕೇಜಿನೊಳಗೆ ಬಂದುಬಿಡುತ್ತೆ. ಪ್ರಶ್ನೆ ಯಾವುದು ಅಂತ ಇಲ್ಲಿ ಬರೆಯಲ್ಲ, ಎಲ್ಲರೂ ಕೇಳೋಕೆ ಶುರು ಮಾಡಿದರೆ ಅವರೂ ಹುಷಾರಾಗ್ತಾರೆ. ವಾರದ ನಡುವೆ, ಸಂಜೆ ಹೊತ್ತಿಗೆ, ರೆಸಾರ್ಟಿಗೇ ನೇರ ಫೋನ್ ಮಾಡಿ. ಇಷ್ಟು ಸುಳಿವು ಸಾಕು.

ಬೇಸಿಗೆ ರಜೆಗೆ ದಾಂಡೇಲಿ ಅಂತಿದ್ದಾರೆ. ಅಲ್ಲಿ ಲೆಕ್ಕ ಬೇರೆ ಥರ. ಕಾಳಿ ನದಿಯ ರ್‍ಯಾಫ್ಟಿಂಗ್ ತಲೆಗಿಷ್ಟು ಅಂತ ಇರುತ್ತೆ, ಅತ್ತೆ ಹತ್ತಲ್ಲ, ಮಗನಿಗೆ ವಯಸ್ಸು ಸಾಲುತ್ತೋ ಇಲ್ಲವೋ ಕೇಳಬೇಕು. ಅಂದರೆ ಒಂದೇ ಹೊತ್ತಿನಲ್ಲಿ ಇಬ್ಬರಿಗೋ ಮೂವರಿಗೋ ದೊಡ್ಡ ಖರ್ಚು, ದಡದಲ್ಲಿ ಕೂತವರಿಗೆ ಇನ್ನೊಂದು ಖಾಲಿ ಹೊತ್ತು. ಆ ಒಂದು ಬೆಳಿಗ್ಗೆಯನ್ನು ಎರಡು ಹೊತ್ತು ಅಂತ ಎಣಿಸಿಕೊಂಡಿದ್ದೇನೆ. ಹದಿನೇಳು ಸಾವಿರ ಮುಟ್ಟಬಹುದು. ಆರ್‌ಡಿಯನ್ನು ಈ ತಿಂಗಳಿಂದ 1,500 ಮಾಡಿದ್ದೇನೆ.