ವಯಸ್ಸಾದ ನಾಯಿಗೆ ಪದೇ ಪದೇ ಮಸಲ್ ಪುಲ್ ಆಗ್ತಿದ್ರೆ ಏನ್ ಮಾಡ್ಬೇಕು

ನಮ್ಮನೆ ಚಿಗರಿಗೆ ಈಗ 9 ವರ್ಷ. ಮುಧೋಳ ನಾಯಿ, ಹೆಣ್ಣು, ಮರಿ ಇದ್ದಾಗ ಲೋಕಾಪುರದ ಕಡೆಯಿಂದ ತಂದಿದ್ದು, ಆ ಕಡೆ ಜಿಂಕೆಗೆ ಚಿಗರಿ ಅಂತಾರೆ, ಅದೇ ಹೆಸರು ಉಳ್ಕೊಳ್ತು. ಮೂತಿ ಪೂರ್ತಿ ಬೆಳ್ಳಗಾಗಿದೆ, ಆದ್ರೂ ತೋಟದಲ್ಲಿ ಮುಂಗುಸಿ ಕಂಡ್ರೆ ಬಿಲ್ಲಿಂದ ಬಿಟ್ಟ ಬಾಣದ ಥರ ಹೋಗ್ತಾಳೆ, ವಾಪಸ್ ಬರುವಾಗ ಮೂರು ಕಾಲಲ್ಲಿ ಬರ್ತಾಳೆ. ಎರಡು ವರ್ಷದಲ್ಲಿ ಹಿಂದಿನ ಎಡಗಾಲು ನಾಲ್ಕು ಸಲ ಹೀಗೆ ಹಿಡ್ಕೊಂಡಿದೆ, ಅದ್ರಲ್ಲಿ ಮೂರು ಸಲದ್ದು ನನ್ನದೇ ತಪ್ಪು.

ಆಗೋದು ಹೀಗೆ. ಮೊದಲನೇ ದಿನ ಕುಂಟುತ್ತೆ, ಎರಡನೇ ದಿನ ಮೂಲೇಲಿ ಮಲಗಿರುತ್ತೆ, ನಾಲ್ಕನೇ ದಿನ ಏನೂ ಆಗೇ ಇಲ್ವೇನೋ ಅನ್ನೋ ಥರ ಬಾಗಿಲ ಹತ್ರ ಬಾಲ ಆಡಿಸ್ತಾ ನಿಂತಿರುತ್ತೆ, ನಾವು ಅಯ್ಯೋ ಪಾಪ ಎಷ್ಟು ದಿನ ಅಂತ ಕಟ್ಟಾಕೋದು ಅಂದ್ಕೊಂಡು ಬಿಟ್ಬಿಡ್ತೀವಿ. ನೋವು ಇಳಿಯೋಕೆ ನಾಲ್ಕೈದು ದಿನ ಸಾಕಾಗ್ಬಹುದು, ಹರಿದ ಮಾಂಸಖಂಡದ ಎಳೆ ಕೂಡ್ಕೊಳ್ಳೋಕೆ ಸಾಲಲ್ಲ. ಸಣ್ಣದಾದ್ರೆ 2-3 ವಾರ, ಜೋರಾಗಿದ್ರೆ 6-8 ವಾರ, ತುಂಬ ಹರಿದಿದ್ರೆ ತಿಂಗಳುಗಟ್ಟಲೆ. ಅದೂ ಅಲ್ದೆ ಕೂಡ್ಕೊಂಡ ಜಾಗದಲ್ಲಿ ಬರೋದು ಗಾಯದ ಕಲೆ ಥರ ಬಿರುಸಾದದ್ದು, ಮೊದಲಿನಷ್ಟು ಹಿಗ್ಗಲ್ಲ, ಪೂರ್ತಿ ಮಾಗೋಕೆ ಮುಂಚೆ ಓಡಿಸಿದ್ರೆ ಅಲ್ಲೇ ಇಲ್ಲ ಅದರ ಪಕ್ಕದಲ್ಲೇ ಮತ್ತೆ ಹರಿಯುತ್ತೆ. ಕುಂಟೋದು ನಿಂತ ಮೇಲೇನೇ ನಿಜವಾದ ಕೆಲಸ ಶುರು ಅಂತ ಒಂದು ತಲೇಲಿ ಇಟ್ಕೊಳ್ಳಿ, ನಾನು ಇದನ್ನ ಕಲಿಯೋಕೆ ಮೂರು ಸಲ ಬೇಕಾಯ್ತು.

ಮೊದಲು ಅದು ನಿಜವಾಗ್ಲೂ ಮಸಲ್ಲೇನಾ ಅಂತ ನೋಡಿಸ್ಬೇಕು. ವಯಸ್ಸಾದ ನಾಯಿಗೆ ಒಂದೇ ಕಾಲು ಮತ್ತೆ ಮತ್ತೆ ಹಿಡ್ಕೊಳ್ತಿದೆ ಅಂದ್ರೆ ಕೆಳಗೆ ಬೇರೇನೋ ಇರೋ ಸಾಧ್ಯತೆ ಜಾಸ್ತಿ, ಸೊಂಟದ ಕೀಲು ಸವೆದಿರ್ಬಹುದು, ಮಂಡಿಯೊಳಗಿನ ಲಿಗಮೆಂಟ್ ಅರ್ಧ ಹರಿದಿರ್ಬಹುದು, ಬೆನ್ನುಮೂಳೆ ತುದೀಲಿ ನರ ಒತ್ತಿರ್ಬಹುದು, ಅದರ ಭಾರ ತಪ್ಪಿಸೋಕೆ ಹೋಗಿ ಮಸಲ್ ಏಟು ತಿನ್ನುತ್ತೆ. ನಮ್ಮ ಕಡೆ ಇನ್ನೊಂದಿದೆ, ರಕ್ತ ಹೀರೋ ಉಣ್ಣೆ ಹುಳ ಕಚ್ಚಿ ಬರೋ ಜ್ವರ. ಅದ್ರಲ್ಲೂ ನಾಯಿ ಕುಂಟುತ್ತೆ, ಇವತ್ತು ಒಂದು ಕಾಲು ನಾಳೆ ಇನ್ನೊಂದು ಕಾಲು ಅಂತ ಬದಲಾಗ್ತಿದ್ರೆ, ಊಟ ಬಿಟ್ಟಿದ್ರೆ, ಮೈ ಬಿಸಿ ಇದ್ರೆ ಮೊದಲು ರಕ್ತ ಪರೀಕ್ಷೆ ಮಾಡ್ಸಿ. ನಾಯಿಯ ಮೈ ನಮಗಿಂತ ಬಿಸೀನೇ ಇರುತ್ತೆ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾರ್ಮಲ್, ಕೈ ಮುಟ್ಟಿ ಜ್ವರ ಅಂತ ಗಾಬರಿ ಆಗ್ಬೇಡಿ, ಥರ್ಮಾಮೀಟರ್ ಇಡ್ಸಿ.

ಡಾಕ್ಟ್ರ ಹತ್ರ ಹೋಗುವಾಗ ಫೋನಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ, ಇದು ಬಹಳ ಮುಖ್ಯ, ಯಾಕಂದ್ರೆ ಆಸ್ಪತ್ರೆ ವಾಸನೆ ಬಡಿದ ತಕ್ಷಣ ನಾಯಿ ಭಯಕ್ಕೆ ನಾಲ್ಕೂ ಕಾಲು ಊರಿ ಸೊಗಸಾಗಿ ನಡೆದುಬಿಡುತ್ತೆ, ಡಾಕ್ಟ್ರು ನಮ್ಮ ಮುಖ ನೋಡ್ತಾರೆ. ಬೆಳಿಗ್ಗೆ ಎದ್ದ ತಕ್ಷಣದ ನಡಿಗೆ, ಹಿಂದಿನಿಂದ ಒಂದು, ಪಕ್ಕದಿಂದ ಒಂದು, ಸಾಧ್ಯವಾದ್ರೆ ಸ್ಲೋ ಮೋಶನ್‌ನಲ್ಲಿ. ಮುಂಗಾಲು ನೋಯ್ತಿದ್ರೆ ಆ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲೇಳುತ್ತೆ, ಹಿಂಗಾಲಾದ್ರೆ ಆ ಕಡೆ ಸೊಂಟ ಮೇಲೆ ಕುಪ್ಪಳಿಸುತ್ತೆ. ಓಡೋ ನಾಯಿಗಳಲ್ಲಿ ಹೆಚ್ಚಾಗಿ ಹೋಗೋದು ತೊಡೆಸಂದಿನ ಒಳಗಿರೋ ಇಲಿಯೋಸೋಯಾಸ್ ಅನ್ನೋ ಮಸಲ್. ಬೆನ್ನುಮೂಳೆಯಿಂದ ಹೊರಟು ತೊಡೆಮೂಳೆ ಒಳಭಾಗಕ್ಕೆ ಅಂಟಿರುತ್ತೆ, ಕಾಲು ಮುಂದಕ್ಕೆ ಎಳ್ಕೊಳ್ಳೋದು ಅದರ ಕೆಲಸ. ಜಾರಿದಾಗ, ತಟ್ಟನೆ ತಿರುಗಿದಾಗ, ಜೀಪಿಂದ ಹಾರಿದಾಗ ಹೋಗುತ್ತೆ. ಚಿಗರಿದೂ ಅದೇ. ಲಕ್ಷಣ ಏನಂದ್ರೆ ಆ ಕಾಲಿನ ಹೆಜ್ಜೆ ಗಿಡ್ಡ ಆಗುತ್ತೆ, ನಿಂತಾಗ ಬೆರಳ ತುದಿ ಮಾತ್ರ ಊರುತ್ತೆ, ಮಂಚ ಹತ್ತೋಕೆ ಎರಡು ಸಲ ಯೋಚ್ನೆ ಮಾಡುತ್ತೆ, ಡಾಕ್ಟ್ರು ಕಾಲು ಹಿಂದಕ್ಕೆ ಎಳೆದು ಒಳಗಡೆ ತಿರುಗಿಸಿದ್ರೆ ಕುಂಯ್ ಅನ್ನುತ್ತೆ. ಇದು ಎಕ್ಸ್-ರೇಲಿ ಕಾಣಲ್ಲ, ಎಕ್ಸ್-ರೇ ಬೇಕಾಗೋದು ಸೊಂಟ ಬೆನ್ನು ಸರಿ ಇದೆಯಾ ನೋಡೋಕೆ, ಮಸಲ್ ನೋಡೋಕೆ ಸ್ಕ್ಯಾನಿಂಗ್ ಬೇಕು. ನಿಮ್ಮೂರ ಪಶು ಆಸ್ಪತ್ರೇಲಿ ಅದು ಆಗಲ್ಲ ಅಂದ್ರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಪಶುವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆ ಇದೆ, ಹತ್ರದ್ದು ಯಾವುದೋ ಅಲ್ಲಿಗೆ ಹೋಗಿ. ಮತ್ತು ಮುಧೋಳ, ಗ್ರೇಹೌಂಡ್ ಥರದ ನಾಯಿ ಆಗಿದ್ರೆ ಮಂಪರು ಕೊಡೋ ಮುಂಚೆ ಅದನ್ನ ಬಾಯಿಬಿಟ್ಟು ಹೇಳಿ, ಇವಕ್ಕೆ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಿ ಇಳಿಯೋಕೆ ಬಹಳ ಹೊತ್ತು ಹಿಡಿಯುತ್ತೆ.

ಇನ್ನು ಮಾತ್ರೆ ವಿಷ್ಯ, ಇಲ್ಲಿ ಸ್ವಲ್ಪ ಜೋರಾಗೇ ಹೇಳ್ತೀನಿ. ಮನೇಲಿರೋ ನೋವಿನ ಮಾತ್ರೆ ಕೊಡ್ಬೇಡಿ, ಅರ್ಧಾನೂ ಬೇಡ, ಕಾಲು ಭಾಗಾನೂ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವೆಲ್ಲ ನಾಯಿ ಹೊಟ್ಟೇಲಿ ಹುಣ್ಣು ಮಾಡ್ತವೆ, ಕಿಡ್ನಿ ಕೆಡಿಸ್ತವೆ, ಪ್ಯಾರಾಸಿಟಮಾಲ್ ಜಾಸ್ತಿ ಆದ್ರೆ ಲಿವರ್ ಹೋಗುತ್ತೆ. (ಹಸುಗಳಿಗೆ ಡೈಕ್ಲೊಫೆನಾಕ್ ಕೊಟ್ಟು, ಆ ಹಸು ಸತ್ತ ಮೇಲೆ ತಿಂದ ರಣಹದ್ದುಗಳು ಕಿಡ್ನಿ ಹೋಗಿ ಸಾಯ್ತಿದ್ವು ಅಂತ 2006ರಲ್ಲಿ ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ಅದನ್ನ ನಿಲ್ಲಿಸಿದ್ರು.) ನಾಯಿಗೂ ಕೊಡೋ ಔಷಧಿ ಮೆಲಾಕ್ಸಿಕಾಮ್ ಮೆಡಿಕಲ್ ಶಾಪಲ್ಲಿ ಸಿಗುತ್ತಲ್ಲ ಅಂತೀರಾ? ಲೆಕ್ಕ ನೋಡಿ, ಡಾಕ್ಟ್ರು ಸಾಮಾನ್ಯವಾಗಿ ಬರೆಯೋದು ಮೊದಲ ದಿನ ಆದ್ಮೇಲೆ ಕೆಜಿಗೆ 0.1 ಮಿಲಿಗ್ರಾಂ, 22 ಕೆಜಿ ನಾಯಿಗೆ ದಿನಕ್ಕೆ 2.2 ಮಿಲಿಗ್ರಾಂ, ನಮಗೆ ಅಂತ ಬರೋ ಒಂದು ಮಾತ್ರೆ 15 ಮಿಲಿಗ್ರಾಂವರೆಗೂ ಇರುತ್ತೆ, ಅಂದ್ರೆ ಸುಮಾರು ಒಂದು ವಾರದ್ದು ಒಂದೇ ಏಟಿಗೆ. ಲೆಕ್ಕ ಗೊತ್ತಾಯ್ತಲ್ಲ ಅಂತ ನೀವೇ ಮುರಿದು ಕೊಡೋಕೂ ಹೋಗ್ಬೇಡಿ, ವಯಸ್ಸಾದ ನಾಯಿಗೆ ಕಿಡ್ನಿ ಲಿವರ್ ಟೆಸ್ಟ್ ನೋಡಿ ಡಾಕ್ಟ್ರೇ ಬರೀಬೇಕು.

ಡಾಕ್ಟ್ರು ಕೊಟ್ಟಿದ್ದನ್ನೂ ಖಾಲಿ ಹೊಟ್ಟೆಗೆ ಹಾಕ್ಬೇಡಿ. ವಾಂತಿ, ಊಟ ಬಿಡೋದು, ಡಾಂಬರಿನ ಥರ ಕಪ್ಪಗೆ ಕಕ್ಕಸ್ಸು ಬಂದ್ರೆ ತಕ್ಷಣ ನಿಲ್ಲಿಸಿ ಫೋನ್ ಮಾಡಿ. ಇನ್ನೊಂದು, ಹಿಂದಿನ ವಾರ ಬೇರೆ ಯಾರೋ ಇಂಜೆಕ್ಷನ್ ಕೊಟ್ಟಿದ್ರೆ ಅದು ಸ್ಟೀರಾಯ್ಡಾ ಅಂತ ಕೇಳಿ ಬರೆಸ್ಕೊಂಡಿರಿ. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಬಿದ್ರೆ ಹೊಟ್ಟೆ ತೂತು ಬೀಳೋವರೆಗೂ ಹೋಗ್ಬಹುದು. ಒಮ್ಮೆ ನಮಗೆ ಇದು ಆಗೋದ್ರಲ್ಲಿತ್ತು, ಎರಡನೇ ಡಾಕ್ಟ್ರು ಹಳೆ ಚೀಟಿ ಕೇಳಿದ್ದಕ್ಕೆ ಬಚಾವಾದ್ವಿ. ಮಾತ್ರೆ ತಿಂದಾಗ ಕುಂಟಲ್ಲ ಅಂದ್ರೆ ವಾಸಿಯಾಗಿದೆ ಅಂತಾನೂ ಅಲ್ಲ, ಮಾತ್ರೆ ಕೆಲಸ ಮಾಡ್ತಿದೆ ಅಷ್ಟೇ.

ಬಾಮ್ ಹಚ್ಚೋದು, ಎಣ್ಣೆ ಕಾಯಿಸಿ ತಿಕ್ಕೋದು, ಬರೆ ಹಾಕ್ಸೋದು ಬೇಡ. ಬರೆ ಅಂತೂ ಹಿಂಸೆ. ಬಾಮು ಕರ್ಪೂರ ಎಲ್ಲ ನಾಯಿ ನೆಕ್ಕುತ್ತೆ, ಅದು ವಿಷ.

ಮೊದಲ ಎರಡು ಮೂರು ದಿನ ತಣ್ಣಗಿರೋದು ಇಡಿ. ಐಸನ್ನ ಬಟ್ಟೇಲಿ ಸುತ್ತಿ, 10-15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಶಾಖ ಈಗಲೇ ಕೊಟ್ರೆ ಊತ ಜಾಸ್ತಿ ಆಗುತ್ತೆ. ಮೂರು ದಿನ ಆದ್ಮೇಲೆ ಬಿಸಿನೀರಿನ ಬ್ಯಾಗು, ನಿಮ್ಮ ಮಣಿಕಟ್ಟಿನ ಒಳಗಡೆ ಒಂದು ನಿಮಿಷ ಇಟ್ಟು ಹಿತವಾಗಿದ್ರೆ ಮಾತ್ರ ನಾಯಿಗೆ ಇಡಿ, ಮುಧೋಳದ ಚರ್ಮ ಬಹಳ ತೆಳು.

ಕಷ್ಟ ಇರೋದು ರೆಸ್ಟಲ್ಲಿ. ಕಟ್ಟಿಹಾಕೋದು ಅಂದ್ರೆ ಚೈನು ಹಾಕಿ ಕಾಂಪೌಂಡಲ್ಲಿ ಬಿಡೋದಲ್ಲ, ಗೇಟ್ ಮುಂದೆ ಬೈಕ್ ಹೋದ್ರೆ ಚೈನಿನ ತುದಿವರೆಗೂ ಹಾರಿ ಧಡಕ್ ಅಂತ ಎಳ್ಕೊಳ್ತವೆ, ಅದಕ್ಕಿಂತ ಓಡೋದೇ ವಾಸಿ. ನಾವು ಹಾಲ್ ಮೂಲೇಲಿ ಸೋಫಾ ಅಡ್ಡ ಇಟ್ಟು ಒಂದು ಜಾಗ ಮಾಡಿದ್ವಿ, ಮಡಿಚಿದ ಕೌದಿ ಮೇಲೆ ಇನ್ನೊಂದು ಕಂಬಳಿ. ಹೊರಗೆ ಹೋಗೋದೆಲ್ಲ ಬೆಲ್ಟಲ್ಲೇ, ಒಂದ ಎರಡಕ್ಕೂ. ತಲೆಗೆ ಕೆಲಸ ಕೊಡಿ, ಹಳೆ ಟವೆಲ್‌ನಲ್ಲಿ ಊಟದ ಚೂರು ಸುತ್ತಿ ಬಿಚ್ಚೋಕೆ ಬಿಡೋದು, ಮೂರು ಲೋಟ ಕವುಚಿ ಯಾವುದರ ಕೆಳಗಿದೆ ಹುಡುಕ್ಸೋದು, ಹತ್ತು ನಿಮಿಷ ಮೂಗು ಕೆಲಸ ಮಾಡಿದ್ರೆ ಚಿಗರಿ ಒಂದು ಗಂಟೆ ನಿದ್ದೆ ಹೊಡೀತಾಳೆ.

ನೆಲ. ಇದನ್ನ ಯಾರೂ ಹೇಳಲ್ಲ, ನನ್ನ ಪ್ರಕಾರ ಅರ್ಧ ಕಾಯಿಲೆ ಇಲ್ಲೇ ಇದೆ. ಮೊದಲು ಮನೆಗಳಲ್ಲಿ ಮಣ್ಣಿನ ನೆಲ, ಒರಟು ಕಲ್ಲು ಚಪ್ಪಡಿ ಇರ್ತಿತ್ತು, ಈಗ ಗ್ರಾನೈಟು, ವಿಟ್ರಿಫೈಡ್ ಟೈಲ್ಸು, ಕನ್ನಡಿ ಥರ. ಕಾಲಿಂಗ್ ಬೆಲ್ ಆಗುತ್ತೆ, ನಾಯಿ ಏಳುತ್ತೆ, ಹಿಂಗಾಲು ಎರಡೂ ಆಚೆ ಈಚೆ ಜಾರ್ತವೆ, ಅಲ್ಲೇ ಪುಲ್. ಬಾಗಿಲಿಂದ ಮಲಗೋ ಜಾಗಕ್ಕೆ, ಅಲ್ಲಿಂದ ನೀರಿನ ಬಟ್ಟಲಿಗೆ ಯೋಗ ಮ್ಯಾಟೋ ರಬ್ಬರ್ ಮ್ಯಾಟೋ ಹಾಸಿ ದಾರಿ ಮಾಡಿ. ಜಮಖಾನ, ಪ್ಲಾಸ್ಟಿಕ್ ಚಾಪೆ ಬರೀ ಹಾಸಿದ್ರೆ ಅವೇ ನಾಯಿ ಸಮೇತ ಜಾರ್ತವೆ. ಉಗುರು ನಡೆಯುವಾಗ ಟಕ್ ಟಕ್ ಅಂತಿದ್ರೆ ಉದ್ದ ಆಗಿದೆ ಅಂತ, ಕತ್ತರ್ಸಿ. ಮಂಚ, ಕಾರು, ಸ್ಕೂಟರ್ ಫುಟ್‌ಬೋರ್ಡಿಂದ ಹಾರೋದು ಪೂರ್ತಿ ಬಂದ್, ಎತ್ತಿ ಇಳ್ಸಿ, ಒಂದು ಕೈ ಎದೆ ಕೆಳಗೆ ಇನ್ನೊಂದು ತೊಡೆ ಹಿಂದೆ.

ಮತ್ತೆ ನಡೆಸೋಕೆ ಶುರು ಮಾಡೋದು ಹೇಗೆ ಅಂದ್ರೆ, ನಾವು ಮಾಡಿದ್ದು ಹೇಳ್ತೀನಿ, ನಿಮ್ಮ ಡಾಕ್ಟ್ರು ಬೇರೆ ಹೇಳಿದ್ರೆ ಅದೇ ಮಾಡಿ. ಮೊದಲ ವಾರ 5 ನಿಮಿಷದಂತೆ ನಾಲ್ಕೈದು ಸಲ, ಬರೀ ಸಮತಟ್ಟು ಜಾಗದಲ್ಲಿ. ಎರಡನೇ ವಾರ 10 ನಿಮಿಷ ಮೂರು ಸಲ. ಮೂರನೇ ವಾರ 15. ನಾಲ್ಕನೇ ವಾರಕ್ಕೆ 20, ಅದ್ರಲ್ಲಿ ಸ್ವಲ್ಪ ಏರು. ಐದಾರನೇ ವಾರಕ್ಕೆ ನಡುವೆ ನಡುವೆ ಒಂದೊಂದು ನಿಮಿಷ ನಿಧಾನದ ಓಟ, ಬೆಲ್ಟಲ್ಲೇ. ಎಲ್ಲ ನಿಧಾನ ಇರ್ಬೇಕು, ನಿಧಾನ ನಡೆದಾಗ ನೋಯ್ತಿರೋ ಕಾಲನ್ನೂ ಊರ್ಲೇಬೇಕಾಗುತ್ತೆ, ಜೋರಾಗಿ ಹೋದ್ರೆ ಮೂರು ಕಾಲಲ್ಲೇ ಸುಧಾರಿಸ್ಕೊಂಡು ಹೋಗ್ಬಿಡುತ್ತೆ. ಮಾರನೇ ದಿನ ಎದ್ದ ಮೇಲೆ ಮೊದಲ ಹತ್ತು ಹೆಜ್ಜೆ ನೋಡಿ, ಗಿಡ್ಡ ಹೆಜ್ಜೆ ಕಂಡ್ರೆ ಹಿಂದಿನ ವಾರದ ಲೆಕ್ಕಕ್ಕೆ ವಾಪಸ್ ಹೋಗಿ. ಕ್ಯಾಲೆಂಡರಲ್ಲಿ ಗುರುತು ಹಾಕಿ, ನೆನಪು ಮೋಸ ಮಾಡುತ್ತೆ. ಕೆರೇಲಿ ಈಜಿಸಿದ್ರೆ ಒಳ್ಳೇದಂತೆ ಅಂತ ಯಾರಾದ್ರೂ ಹೇಳ್ತಾರೆ, ಈ ಮಸಲ್ಲಿಗೆ ಶುರುವಲ್ಲೇ ಬೇಡ, ನೀರಲ್ಲಿ ನಾಯಿ ಕಾಲು ಜೋರಾಗಿ ಒದೆಯುತ್ತೆ.

ಎರಡು ಮೂರು ವಾರ ಆದ್ಮೇಲೆ ಡಾಕ್ಟ್ರು ಸರಿ ಅಂದ್ರೆ ಸಣ್ಣ ಕಸರತ್ತು. ಕೂರ್ಸೋದು ಏಳ್ಸೋದು, ಐದು ಸಲ, ಮ್ಯಾಟ್ ಮೇಲೆ. ನಾಲ್ಕೈದು ಬಿದಿರು ಕೋಲು ನೆಲದ ಮೇಲೆ ಒಂದೊಂದು ಹೆಜ್ಜೆ ದೂರಕ್ಕೆ ಇಟ್ಟು ನಿಧಾನ ದಾಟ್ಸೋದು. ನಾಲ್ಕೈದು ಹೆಜ್ಜೆ ಹಿಂದಕ್ಕೆ ನಡೆಸೋದು, ಗೋಡೆ ಪಕ್ಕ ನಿಲ್ಲಿಸಿದ್ರೆ ನೇರ ಹೋಗುತ್ತೆ. ಕಾಲು ಹಿಡಿದು ಎಳೆದು ಸ್ಟ್ರೆಚ್ ಮಾಡ್ಸೋದು ಮಾತ್ರ ಬೇಡ, ಫಿಸಿಯೋ ಗೊತ್ತಿರೋರು ತೋರಿಸ್ದೆ ಮಾಡಿದ್ರೆ ಮತ್ತೆ ಹರಿಯುತ್ತೆ.

ತೂಕ ನೋಡ್ಕೊಳ್ಳಿ. ರೆಸ್ಟಲ್ಲಿದ್ದಾಗ ಊಟ ಅಷ್ಟೇ ಹಾಕಿದ್ರೆ ಉಬ್ಬುತ್ತೆ, ಪಾಪ ಕುಂಟುತ್ತಲ್ಲ ಅಂತ ಅಜ್ಜಿ ಕದ್ದು ಕೊಡೋ ತುಪ್ಪ ರೊಟ್ಟಿನೂ ಲೆಕ್ಕಕ್ಕೆ ಸೇರ್ಸಿ. 48 ಲ್ಯಾಬ್ರಡಾರ್‌ಗಳನ್ನ ಜೀವನ ಪೂರ್ತಿ ನೋಡಿದ ಒಂದು ಅಧ್ಯಯನ ಇದೆ, 2002ರಲ್ಲಿ ಬಂದಿದ್ದು, ಕಾಲು ಭಾಗ ಕಮ್ಮಿ ತಿಂದ ನಾಯಿಗಳು ಸುಮಾರು ಎರಡು ವರ್ಷ ಜಾಸ್ತಿ ಬದುಕಿದ್ವು, ಕೀಲು ಸವೆಯೋದೂ ತಡವಾಯ್ತು. ಮುಧೋಳಕ್ಕಂತೂ ಕೊನೇ ಎರಡು ಮೂರು ಪಕ್ಕೆಲುಬು ಕಾಣ್ಬೇಕು, ನೆಂಟರು ಊಟ ಹಾಕಲ್ವಾ ಅಂತ ಕೇಳ್ತಾರೆ, ಕೇಳ್ಲಿ.

ವಾಸಿಯಾದ ಮೇಲೂ ಬಾಗಿಲು ತೆಗೆದ ತಕ್ಷಣ ಓಡೋಕೆ ಬಿಡ್ಬೇಡಿ. 10 ನಿಮಿಷ ಬೆಲ್ಟಲ್ಲಿ ನಡೆಸಿ ಮೈ ಬಿಸಿ ಮಾಡಿ, ಆಮೇಲೆ ಬಿಡಿ, ಬಂದ ಮೇಲೆ ಮತ್ತೆ 5 ನಿಮಿಷ ನಡೆಸಿ. ಚಳಿಗಾಲದ ಬೆಳಿಗ್ಗೆ ಹಳೆ ಸ್ವೆಟರ್ ಹಾಕಿದ್ರೆ ನಗೋರು ನಗ್ಲಿ, ತಣ್ಣಗಿರೋ ಮಸಲ್ಲೇ ಬೇಗ ಹರಿಯೋದು. ಚೆಂಡು ಎಸೆಯೋ ಆಟ ನಾವು ಬಿಟ್ಟೇಬಿಟ್ವಿ, ತಟ್ಟನೆ ಬ್ರೇಕು, ತಟ್ಟನೆ ತಿರುವು, ವಯಸ್ಸಾದ ಓಟದ ನಾಯಿಗೆ ಅದಕ್ಕಿಂತ ಕೆಟ್ಟ ಆಟ ಇನ್ನೊಂದಿಲ್ಲ.

ಈ ನಿಧಾನ ಎಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಓಡ್ಬೇಕಾದ್ದು ಯಾವಾಗ ಅಂದ್ರೆ, ಹಿಂಗಾಲು ಎಳ್ಕೊಂಡು ಹೋಗ್ತಿದ್ರೆ, ಪಾದ ಮಡಚಿ ಮೇಲ್ಭಾಗ ನೆಲಕ್ಕೆ ಊರ್ತಿದ್ರೆ, ಉಚ್ಚೆ ಕಟ್ಕೊಂಡ್ರೆ, ಇಲ್ಲ ಜೋರಾಗಿ ಓಡಿದ ಮೇಲೆ ಉಚ್ಚೆ ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದ್ರೆ, ಅದು ಮಸಲ್ ಒಡೆದು ಕಿಡ್ನಿಗೆ ಹೋಗ್ತಿರೋ ಗುರುತು. ಮೂಳೆ ಮೇಲೆ ಗಟ್ಟಿ ಊತ ಬಂದು ಇಳೀದೇ ಇದ್ರೆ ವಾರ ಕಾಯ್ಬೇಡಿ, ವಯಸ್ಸಾದ ದೊಡ್ಡ ನಾಯಿಗಳಲ್ಲಿ ಮೂಳೆ ಕ್ಯಾನ್ಸರ್ ಹೀಗೇ ಶುರುವಾಗುತ್ತೆ.

ಚಿಗರಿಗೆ ನಾಲ್ಕನೇ ಸಲ ಪೂರ್ತಿ ಏಳು ವಾರ ಹಿಡೀತು. ಐದನೇ ವಾರದಲ್ಲಿ ಗೇಟಿನಾಚೆ ಮುಂಗುಸಿ ಬಂದು ನಿಂತಿತ್ತು, ಇವಳು ನಡುಗ್ತಾ ನನ್ನ ಮುಖ ನೋಡಿದ್ಲು, ನಾನು ಬೆಲ್ಟನ್ನ ಕೈಗೆ ಇನ್ನೊಂದು ಸುತ್ತು ಸುತ್ಕೊಂಡೆ.