ಗಂಗಾವತಿ ಅಕ್ಕಿ ಕಡಿಮೆ ಹೊಗೆಯಲ್ಲಿ ಕಡಲು ದಾಟುವುದು ಹೇಗೆ?

2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ಮತ್ತೆ ಬಾಗಿಲು ತೆರೆದದ್ದು 2024ರ ಸೆಪ್ಟೆಂಬರ್ 28ರಂದು. ಆ ಹದಿನಾಲ್ಕು ತಿಂಗಳು ಗಂಗಾವತಿ, ಕಾರಟಗಿ ಕಡೆ ರಫ್ತಿನ ಕಾಗದ ಮಾಡುವ ನನ್ನಂಥವರಿಗೆ ಬಿಡುವೋ ಬಿಡುವು. ನಿಷೇಧ ಹೋದ ಮೇಲೆ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ಗೆ ಒಂದು ಕಂಟೇನರ್ ಸೋನಾ ಮಸೂರಿ ಕಳಿಸಿದೆವು. ಹಡಗಿನ ಬಾಡಿಗೆ ಬಿಲ್ಲು ಬಂತು. ಅದರಲ್ಲಿ ಹಿಂದೆಂದೂ ನೋಡದ ಒಂದು ಸಾಲಿತ್ತು. ಹೊಗೆಯ ಲೆಕ್ಕದ ಹಣ. ಮಿಲ್ಲಿನ ಸಾವ್ಕಾರರು ಅದರ ಮೇಲೆ ಬೆರಳಿಟ್ಟು, "ಇದೇನ್ರೀ ಇದು, ನಾವೇನು ಹೊಗೆ ಬಿಟ್ಟೀವಿ?" ಅಂದರು.

ವಿಷಯ ಇಷ್ಟೇ. ಯುರೋಪ್ ಒಕ್ಕೂಟ 2024ರ ಜನವರಿಯಿಂದ ತನ್ನ ಬಂದರುಗಳಿಗೆ ಬರುವ ದೊಡ್ಡ ಹಡಗುಗಳ ಇಂಗಾಲಕ್ಕೂ ಹಣ ಕಟ್ಟಿಸಿಕೊಳ್ಳುತ್ತಿದೆ. ಹೊರದೇಶದಿಂದ ಬರುವ ಪ್ರಯಾಣವಾದರೆ ಅರ್ಧ ಹೊಗೆ ಲೆಕ್ಕಕ್ಕೆ ಬರುತ್ತದೆ. ಅದರಲ್ಲೂ 2024ಕ್ಕೆ ಶೇ 40ರಷ್ಟು, 2025ಕ್ಕೆ ಶೇ 70ರಷ್ಟು, 2026ರಿಂದ ಪೂರ್ತಿ. ಹಡಗು ಕಂಪನಿಗಳು ಅದನ್ನು ನಮ್ಮ ಬಿಲ್ಲಿಗೆ ದಾಟಿಸುತ್ತವೆ. ಜಗತ್ತಿನ ಒಟ್ಟು ಹಸಿರುಮನೆ ಅನಿಲದಲ್ಲಿ ಹಡಗುಗಳ ಪಾಲು ಸುಮಾರು ಶೇ 3. ಕಡಲನ್ನೇ ನೋಡದ ನಮ್ಮೂರಿಗೂ ಇದರಲ್ಲಿ ಒಂದು ಚೂರು ಪಾಲಿದೆ. ಅದನ್ನು ಇಳಿಸುವ ದಾರಿ ಕೆಳಗಿದೆ. ಅಕ್ಕಿಯ ಉದಾಹರಣೆ ಕೊಟ್ಟಿದ್ದೇನೆ. ಬಳ್ಳಾರಿಯ ಜೀನ್ಸ್‌ಗೂ ರಾಯಚೂರಿನ ಹತ್ತಿಗೂ ಹೆಚ್ಚುಕಡಿಮೆ ಇದೇ ದಾರಿ.

ಮೊದಲು ಲೆಕ್ಕ ಹಾಕಿ

ಕಂಟೇನರ್ ಅಂದರೆ ಎಲ್ಲರ ಕಣ್ಣಿಗೆ ಬರುವುದು ಹಡಗು. ಆದರೆ ಹೊಗೆ ಶುರುವಾಗುವುದು ಮಿಲ್ಲಿನ ಗೇಟಿನಲ್ಲೇ. ಗಂಗಾವತಿಯಿಂದ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ ರಸ್ತೆಯಲ್ಲಿ ಸುಮಾರು 650ರಿಂದ 700 ಕಿ.ಮೀ. ಟ್ರೇಲರ್ ಖಾಲಿ ಕಂಟೇನರ್ ಹೊತ್ತು ಬರುತ್ತದೆ, ತುಂಬಿಕೊಂಡು ಹೋಗುತ್ತದೆ. ತುಂಬಿದಾಗ ಲೀಟರಿಗೆ 3 ಕಿ.ಮೀ., ಖಾಲಿಯಿದ್ದಾಗ 4 ಅಂತ ಹಿಡಿಯಿರಿ. ಎರಡೂ ಸೇರಿ 400 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿಯೇ ಆಯಿತು.

ಈಗ ಹಡಗು. ಮುಂಬೈಯಿಂದ ದುಬೈನ ಜೆಬೆಲ್ ಅಲಿಗೆ ಸುಮಾರು 1,170 ನಾಟಿಕಲ್ ಮೈಲಿ, ಅಂದರೆ 2,100 ಕಿ.ಮೀ. ದಾಟುತ್ತದೆ. ಕಂಟೇನರ್ ಹಡಗು ಒಂದು ಟನ್ ಸರಕನ್ನು ಒಂದು ಕಿ.ಮೀ. ಒಯ್ಯಲು 10ರಿಂದ 20 ಗ್ರಾಂ ಬಿಡುತ್ತದೆ ಅಂದುಕೊಂಡರೆ, 25 ಟನ್ ಅಕ್ಕಿಗೆ ಅರ್ಧ ಟನ್ನಿಂದ ಒಂದು ಟನ್. ರಸ್ತೆಯ ದೂರ ಹಡಗಿನ ದೂರದ ಮೂರನೇ ಒಂದು ಭಾಗ. ಹೊಗೆ ಮಾತ್ರ ಹಡಗಿನದಕ್ಕಿಂತ ಕಡಿಮೆಯಿಲ್ಲ. ಈ ಲೆಕ್ಕ ಹಾಕಿದ ದಿನ ನಾನೇ ಎರಡು ಸಲ ಕೂಡಿ ನೋಡಿದೆ.

ಪೆಟ್ಟಿಗೆಯಲ್ಲಿ ಗಾಳಿ ಕಳಿಸಬೇಡಿ

20 ಅಡಿ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗ. 25 ಕೆ.ಜಿ.ಯ ಸಾವಿರ ಚೀಲ ಹಿಡಿಸಿದರೆ 25 ಟನ್, ಪೆಟ್ಟಿಗೆ ಹತ್ತಿರ ಹತ್ತಿರ ತುಂಬಿದಂತೆ. ಅದೇ ಅಕ್ಕಿಯನ್ನು 5 ಕೆ.ಜಿ. ಪೌಚ್ ಮಾಡಿ ರಟ್ಟಿನ ಡಬ್ಬಕ್ಕೆ ಹಾಕಿದರೆ ಟನ್ನುಗಟ್ಟಲೆ ಕಡಿಮೆ ಹಿಡಿಯುತ್ತದೆ. ಉಳಿದದ್ದು ಗಾಳಿ. ಅದಕ್ಕೂ ಬಾಡಿಗೆ, ಅದಕ್ಕೂ ಹೊಗೆ. ಪೌಚ್ ಬೇಕೇ ಬೇಕು ಅಂತ ಕೊಳ್ಳುವವರು ಹಟ ಹಿಡಿದರೆ, ಅಲ್ಲೇ ಪ್ಯಾಕ್ ಮಾಡಿಸಿಕೊಳ್ಳುತ್ತೀರಾ ಅಂತ ಒಮ್ಮೆ ಕೇಳಿ. ಕೆಲವರು ಒಪ್ಪುತ್ತಾರೆ.

ತುಂಬುವಾಗ ಹಮಾಲರ ಜೊತೆ ನಿಂತಿರಿ. ಕಾರಟಗಿಯ ಒಂದು ಗೋದಾಮಿನಲ್ಲಿ ನಾನು ನೋಡಿದ ಮೇಸ್ತ್ರಿ ಮೊದಲು ಖಾಲಿ ಪೆಟ್ಟಿಗೆಯೊಳಗೆ ಹೋಗಿ, ಹೊರಗಿನಿಂದ ಬಾಗಿಲು ಹಾಕಿಸಿಕೊಂಡು ಕತ್ತಲಲ್ಲಿ ನಿಲ್ಲುತ್ತಾನೆ. ಎಲ್ಲಾದರೂ ಸೂಜಿಯಷ್ಟು ಬೆಳಕು ಕಂಡರೆ ಆ ಪೆಟ್ಟಿಗೆ ವಾಪಸ್. ಆಮೇಲೆ ನೆಲಕ್ಕೆ, ಗೋಡೆಗೆ ದಪ್ಪ ಕಂದು ಕಾಗದ. ಮೇಲೆ ತೇವ ಹೀರುವ ಪೊಟ್ಟಣದ ಸರ. ಇದಕ್ಕೂ ಹೊಗೆಗೂ ಏನು ಸಂಬಂಧ ಅಂತೀರಾ? ಹಗಲು ಕಾದು ರಾತ್ರಿ ತಣಿಯುವ ಪೆಟ್ಟಿಗೆಯ ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಮುಗ್ಗಲು ಹಿಡಿದ ಅಕ್ಕಿ ಆ ಬಂದರಿನಲ್ಲಿ ತಿರಸ್ಕಾರವಾದರೆ, ಇಲ್ಲಿಂದ ಅಲ್ಲಿಯವರೆಗೆ ಸುಟ್ಟ ಎಣ್ಣೆಯೆಲ್ಲ ದಂಡ. ನಾಲೆಗೆ ಬಿಟ್ಟ ನೀರೂ ದಂಡ. ಅಕ್ಕಿಯ ತೇವ ಶೇ 14 ದಾಟದಂತೆ ನೋಡಿಕೊಳ್ಳುವುದು ಯಾವ ಹಸಿರು ಹಡಗಿಗಿಂತ ಕಡಿಮೆ ಉಪಕಾರವಲ್ಲ.

ಕಾಟಾದ ಚೀಟಿ ಸುಳ್ಳು ಹೇಳಬಾರದು. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ನಿಜವಾದ ತೂಕ ಕೊಡದೆ ಹಡಗಿಗೆ ಹತ್ತಿಸುವಂತಿಲ್ಲ. ಹಡಗಿನಲ್ಲಿ ಯಾವ ಪೆಟ್ಟಿಗೆ ಎಲ್ಲಿ ಕೂರಬೇಕು, ಹಡಗು ಮುಂದೆ ವಾಲಬೇಕೋ ಹಿಂದೋ ಎಂಬುದು ಈ ತೂಕದ ಮೇಲೆ ನಿಂತಿದೆ. ವಾಲಿಕೆ ತಪ್ಪಿದರೂ ಎಣ್ಣೆ ಜಾಸ್ತಿ ತಿನ್ನುತ್ತದೆ.

ಖಾಲಿ ಓಡಾಟ ತಪ್ಪಿಸಿ

ಬುಕಿಂಗ್ ಮಾಡುವಾಗ ಕ್ಲಿಯರಿಂಗ್ ಏಜೆಂಟರನ್ನು ಒಂದು ಪ್ರಶ್ನೆ ಕೇಳಿ: ಹುಬ್ಬಳ್ಳಿ, ಬಳ್ಳಾರಿ, ಹೈದರಾಬಾದ್ ಕಡೆ ಆಮದು ಮಾಲು ಇಳಿಸಿ ಖಾಲಿಯಾದ ಪೆಟ್ಟಿಗೆ ಇದೆಯಾ? ಅದೇ ಹಡಗು ಕಂಪನಿಯದ್ದಾಗಿ, ಆಹಾರ ಸಾಗಿಸಲು ಯೋಗ್ಯವಾಗಿದ್ದರೆ, ಬಂದರಿನಿಂದ ಖಾಲಿ ಎಳೆದು ತರುವ 700 ಕಿ.ಮೀ. ಉಳಿಯಿತು. ಹತ್ತು ಸಲ ಕೇಳಿದರೆ ಎರಡು ಸಲ ಸಿಗುತ್ತದೆ. ಅಷ್ಟಾದರೂ ಲಾಭವೇ.

ಇನ್ನೊಂದು ದಾರಿ ಡಾಕ್ ಸ್ಟಫಿಂಗ್. ಚೀಲಗಳನ್ನು ಮಾಮೂಲಿ ಲಾರಿಯಲ್ಲಿ ಬಂದರಿಗೆ ಕಳಿಸಿ ಅಲ್ಲೇ ಕಂಟೇನರಿಗೆ ತುಂಬಿಸುವುದು. ಲಾರಿಗೆ ವಾಪಸ್ ಬರುವಾಗ ಬೇರೆ ಬಾಡಿಗೆ ಸಿಗುತ್ತದೆ, ಖಾಲಿ ಓಡುವುದಿಲ್ಲ. ತೊಂದರೆ ಏನೆಂದರೆ ಚೀಲ ಎರಡು ಸಲ ಏರಿಳಿಯುತ್ತದೆ, ಕೊಕ್ಕೆ ಬಿದ್ದು ಹರಿಯುತ್ತದೆ, ಮಳೆಗಾಲದಲ್ಲಿ ಭಯ. ನಾನಾದರೆ ಬೇಸಿಗೆಯಲ್ಲಿ ಇದನ್ನು ಆರಿಸುತ್ತೇನೆ, ಜೂನ್ ನಂತರ ಬೇಡ ಅನ್ನುತ್ತೇನೆ.

ರೈಲು ಎಲ್ಲಕ್ಕಿಂತ ಒಳ್ಳೆಯದು. ಹೊಸಪೇಟೆಯಿಂದ ಗೋವಾದ ವಾಸ್ಕೋಗೆ ಹೋಗುವ ಹಳಿಯ ಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತ ವ್ಯಾಗನ್ನುಗಳು ಬರುವುದನ್ನು ನಾವೆಲ್ಲ ನೋಡಿದವರೇ. ಗಿಣಿಗೇರಾದಿಂದ ಹೊರಟ ಹೊಸ ಹಳಿಯಲ್ಲಿ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ತನಕ ರೈಲು ಓಡುತ್ತಿದೆ. ಆದರೆ ಒಂದು ಕಂಟೇನರ್ ರೈಲು ತುಂಬಲು 20 ಅಡಿಯ 90 ಪೆಟ್ಟಿಗೆ ಬೇಕು. ಒಂದು ಮಿಲ್ಲಿನಿಂದ ಆಗುವ ಮಾತಲ್ಲ. ಹತ್ತಾರು ಮಿಲ್ಲಿನವರು ಒಟ್ಟಿಗೆ ಕೂತು ಒಂದೇ ವಾರ ಕಳಿಸುತ್ತೇವೆ ಅಂದರೆ ಆದೀತು. ಒಟ್ಟಿಗೆ ಕೂರುವುದೇ ನಮ್ಮಲ್ಲಿ ಕಷ್ಟ, ಬಿಡಿ.

ಅವಸರ ಬಿಡಿ

ಇಡೀ ಲೇಖನದಲ್ಲಿ ಒಂದನ್ನೇ ಓದುತ್ತೀರಾದರೆ ಇದನ್ನು ಓದಿ.

ನನ್ನ ಅಕ್ಕನ ಮಗ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಿದ್ದಾಗ ಈ ಹೊಗೆಯ ಬಿಲ್ಲು ತೋರಿಸಿದೆ. ಅವನು ನನಗೇ ತಿರುಗಿ ಕೇಳಿದ: "ಮಾಮಾ, ನಿಮ್ಮ ಅಕ್ಕಿ ಅರ್ಧ ದಿನ ಲೇಟಾದ್ರ ಏನಾಗ್ತೈತ್ರಿ?"

ಉತ್ತರ ತೋಚಲಿಲ್ಲ. ಆಗ ಅವನು ವಿವರಿಸಿದ. ತುಂಗಭದ್ರೆಯ ಎಡದಂಡೆ ನಾಲೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಡೆದವರಿಗೆ ಗೊತ್ತು. ನಿಧಾನ ನಡೆದರೆ ನೀರು ದಾರಿ ಬಿಡುತ್ತದೆ. ಓಡಲು ಹೋದರೆ ಎದೆಗೆ ಒತ್ತಿ ಹಿಡಿಯುತ್ತದೆ. ಹಡಗಿಗೂ ಅಷ್ಟೇ. ಬೇಕಾಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಶೇ 10 ಇಳಿಸಿದರೆ ಎಂಜಿನ್ನಿನ ಮೇಲಿನ ಹೊರೆ ಶೇ 27ರಷ್ಟು ಇಳಿಯುತ್ತದೆ. ಪ್ರಯಾಣ ಸ್ವಲ್ಪ ಉದ್ದವಾಗುವುದನ್ನು ಹಿಡಿದರೂ ಒಟ್ಟು ಎಣ್ಣೆಯಲ್ಲಿ ಸುಮಾರು ಶೇ 19 ಉಳಿತಾಯ.

ದುಬೈಗೆ ಹಾಕಿ ನೋಡೋಣ. 18 ನಾಟ್, ಅಂದರೆ ಗಂಟೆಗೆ 18 ನಾಟಿಕಲ್ ಮೈಲಿ ವೇಗದಲ್ಲಿ 65 ಗಂಟೆ. 16.2 ನಾಟ್‌ನಲ್ಲಿ 72 ಗಂಟೆ. ವ್ಯತ್ಯಾಸ ಏಳು ಗಂಟೆ. ಏಳು ಗಂಟೆಗೆ ಐದರಲ್ಲೊಂದು ಪಾಲು ಎಣ್ಣೆ! 2008ರ ಆರ್ಥಿಕ ಕುಸಿತದ ಹೊತ್ತಿನಲ್ಲಿ ಕಂಟೇನರ್ ಹಡಗುಗಳು 24–25 ನಾಟ್‌ನಿಂದ ಇಳಿದದ್ದು ಪರಿಸರದ ಪ್ರೀತಿಗಲ್ಲ, ಎಣ್ಣೆಯ ಖರ್ಚಿಗೆ ಹೆದರಿ. ಕಾರಣ ಏನೇ ಇರಲಿ, ನಿಧಾನ ಹೋದರೆ ಆಗುತ್ತದೆ ಅಂತ ಆಗಲೇ ಗೊತ್ತಾಗಿಬಿಟ್ಟಿತು.

ನಮ್ಮ ಅವಸರದ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ಸಲ ಹಡಗಿನ ಕಟ್-ಆಫ್, ಅಂದರೆ ಪೆಟ್ಟಿಗೆ ಒಪ್ಪಿಸುವ ಕೊನೆಯ ಹೊತ್ತು, ತಪ್ಪುತ್ತದೆ ಅಂತ ಹೆದರಿ, ಡ್ರೈವರಿಗೆ ಮೇಲೆ ದುಡ್ಡು ಕೊಟ್ಟು ರಾತ್ರೋರಾತ್ರಿ ಓಡಿಸಿದೆ. ಪೆಟ್ಟಿಗೆ ಹೊತ್ತಿಗೆ ಮುಂಚೆ ಗೇಟಿನೊಳಗೆ ಹೋಯಿತು. ಹಡಗು ಮಾತ್ರ ಬರಲಿಲ್ಲ. ಆರು ದಿನ ಅಕ್ಕಿ ಯಾರ್ಡಿನ ಬಿಸಿಲಲ್ಲಿ ಕೂತಿತ್ತು. ಹಡಗಿನವರು ಒಂದು ಮಿಂಚಂಚೆ ಕಳಿಸಿದ್ದರೆ ಸಾಕಿತ್ತು. ಈಗ ನಾನು ಹೊರಡುವ ಹಿಂದಿನ ದಿನ ಹಡಗಿನ ಹೆಸರು ಹಿಡಿದು ಎಲ್ಲಿದೆ ಅಂತ ಫೋನಿನಲ್ಲೇ ನೋಡುತ್ತೇನೆ. ಆಮೇಲೆ ಟ್ರೇಲರಿಗೆ ಹೊರಡು ಅನ್ನುತ್ತೇನೆ.

ಇದೇ ಹುಚ್ಚು ಕಡಲಿನಲ್ಲೂ ಇದೆ. ಸುಗ್ಗಿಯಲ್ಲಿ ಮಿಲ್ಲಿನ ಮುಂದೆ ಟ್ರ್ಯಾಕ್ಟರ್ ಸಾಲು ನೋಡಿಲ್ಲವೇ? ಎಲ್ಲರೂ ನಾ ಮೊದಲು ಅಂತ ಓಡಿ ಬಂದು ಎರಡು ದಿನ ನಿಲ್ಲುತ್ತಾರೆ. ಕಾಕಿನಾಡದಂಥ ಬಂದರಿನಿಂದ ಆಫ್ರಿಕಾಕ್ಕೆ ಅಕ್ಕಿ ಒಯ್ಯುವ ಬಾಡಿಗೆ ಹಡಗುಗಳದ್ದೂ ಅದೇ ಪಾಡು. ಮೊದಲು ಬಂದವರಿಗೆ ಮೊದಲ ಜಾಗ, ತಡವಾದರೆ ಡೆಮರೇಜ್ (ಹಡಗು ಕಾಯಿಸಿದ್ದಕ್ಕೆ ಕಟ್ಟುವ ಹಣ) ಜಗಳ. ಹಾಗಾಗಿ ಪೂರ್ತಿ ವೇಗದಲ್ಲಿ ಬಂದು ಲಂಗರು ಹಾಕಿ ಕಾಯುತ್ತವೆ. ಜಾಗ ಯಾವಾಗ ಸಿಗುತ್ತದೆ ಅಂತ ಬಂದರು ಮೊದಲೇ ಹೇಳಿ, ಹಡಗು ಅದಕ್ಕೆ ತಕ್ಕ ವೇಗದಲ್ಲಿ ಬಂದರೆ ಮುಗಿಯಿತು. ಪೂರ್ತಿ ಹಡಗು ಬಾಡಿಗೆ ಹಿಡಿಯುವವರು ಕರಾರಿನಲ್ಲೇ ಇದನ್ನು ಬರೆಸಬಹುದು. ನಮ್ಮಂಥ ಒಂದೆರಡು ಪೆಟ್ಟಿಗೆಯವರು ಮಾಡಬಹುದಾದದ್ದು ಇಷ್ಟು: ಕೊಳ್ಳುವವರಿಗೆ ದಿನಾಂಕ ಹೇಳುವಾಗ ಒಂದು ವಾರ ಸಡಿಲ ಇಟ್ಟುಕೊಳ್ಳಿ, ಬುಕಿಂಗಿನಲ್ಲಿ ಅತಿ ವೇಗದ ಸರ್ವೀಸ್ ಕೇಳಬೇಡಿ.

ಹಡಗನ್ನು ವಿಚಾರಿಸಿ

ಕಡಲು ದಾಟುವ ಪ್ರತಿ ದೊಡ್ಡ ಸರಕು ಹಡಗಿಗೂ ಐಎಂಒ (ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಹೆಸರಿನ ಏಳು ಅಂಕಿಯ ನಂಬರ್ ಇರುತ್ತದೆ. ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಯುರೋಪಿಗೆ ಹೋಗಿಬರುವ ದೊಡ್ಡ ಹಡಗುಗಳು ವರ್ಷಕ್ಕೆ ಎಷ್ಟು ಇಂಗಾಲ ಬಿಟ್ಟವು ಎಂಬುದು ಅಲ್ಲಿನ ಥೆಟಿಸ್ ಎಂಆರ್‌ವಿ ತಾಣದಲ್ಲಿ ಯಾರಿಗೆ ಬೇಕಾದರೂ ಕಾಣುತ್ತದೆ. ಎರಡು ಹಡಗು ಇಟ್ಟು ಹೋಲಿಸಿ.

2023ರಿಂದ 5,000 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ ಶಾಲೆಯ ಮಕ್ಕಳ ಹಾಗೆ ಎ-ಯಿಂದ ಇ-ವರೆಗೆ ಗ್ರೇಡ್ ಇದೆ. ಒಂದು ವರ್ಷ ಇ ಬಂದರೆ, ಅಥವಾ ಸತತ ಮೂರು ವರ್ಷ ಡಿ ಬಂದರೆ, ಹೇಗೆ ಸುಧಾರಿಸುತ್ತೇವೆ ಅಂತ ಬರೆದುಕೊಡಬೇಕು. ದಂಡವೇನೂ ಇಲ್ಲ. ಏಜೆಂಟರನ್ನು ಗ್ರೇಡ್ ಕೇಳಿ, ಆದರೆ ಅದೊಂದನ್ನೇ ನಂಬಬೇಡಿ. ಹಡಗು ಎಷ್ಟು ಹೊರಬಲ್ಲದು ಎಂಬುದರ ಮೇಲೆ ಈ ಲೆಕ್ಕ ನಿಂತಿದೆ, ನಿಜವಾಗಿ ಎಷ್ಟು ಹೊತ್ತಿತು ಎಂಬುದರ ಮೇಲಲ್ಲ. ಅರ್ಧ ಖಾಲಿ ಓಡಿದ ಹಡಗೂ ಒಳ್ಳೆ ಮಾರ್ಕು ತೆಗೆಯಬಹುದು.

ಅದಕ್ಕಿಂತ ಮೈ ತೊಳೆದದ್ದು ಯಾವಾಗ ಅಂತ ಕೇಳುವುದು ವಾಸಿ ಅನ್ನುತ್ತಾನೆ ಎಂಜಿನ್ ರೂಮಿನ ನಮ್ಮ ಹುಡುಗ. ಹಡಗಿನ ಹೊಟ್ಟೆಗೆ ಮೊದಲು ಪಾಚಿ ಹಿಡಿಯುತ್ತದೆ, ಆಮೇಲೆ ಚಿಪ್ಪಿನ ಹುಳ ಕಚ್ಚಿಕೊಳ್ಳುತ್ತವೆ. ಆನೆಗೊಂದಿಯಲ್ಲಿ ತೆಪ್ಪದವರು ತೆಪ್ಪ ಮಗುಚಿ ಒಣಗಿಸುತ್ತಾರಲ್ಲ, ಹಾಗೆ ಹಡಗನ್ನು ಮಗುಚಲಾಗದು. ಮುಳುಗುಗಾರರು ಇಲ್ಲವೇ ಯಂತ್ರಗಳು ನೀರೊಳಗೇ ಉಜ್ಜಬೇಕು, ಪ್ರೊಪೆಲ್ಲರ್ ಪಾಲಿಶ್ ಮಾಡಬೇಕು. ಹಿಂದೆ ಇವು ಅಂಟದಂತೆ ಟಿಬಿಟಿ ಎಂಬ ವಿಷದ ಬಣ್ಣ ಬಳಿಯುತ್ತಿದ್ದರು. ಅದು ಕಡಲ ಬಸವನಹುಳುಗಳ ಲಿಂಗವನ್ನೇ ಕೆಡಿಸಿತು. 2008ರಿಂದ ಅದಕ್ಕೆ ಪೂರ್ತಿ ನಿಷೇಧ.

ಗಾಳಿಯೂ ವಾಪಸ್ ಬರುತ್ತಿದೆ. ಜರ್ಮನಿಯ ಆಂಟನ್ ಫ್ಲೆಟ್ನರ್ 1924ರಲ್ಲೇ ಹಡಗಿನ ಮೇಲೆ ತಿರುಗುವ ಎತ್ತರದ ಕಂಬಗಳನ್ನು ನಿಲ್ಲಿಸಿದ್ದ. ತಿರುಗುವ ಚೆಂಡು ಗಾಳಿಯಲ್ಲಿ ಒಂದು ಕಡೆ ಸರಿಯುತ್ತದಲ್ಲ, ಅದೇ ತತ್ವ. ಈಗ ಅವನ್ನು ಮತ್ತೆ ಕೂರಿಸುತ್ತಿದ್ದಾರೆ.

ಎಣ್ಣೆಯ ಮಾತಿಗೆ ಮರುಳಾಗಬೇಡಿ

ದೊಡ್ಡ ಹಡಗುಗಳು ಸುಡುವುದು ಡಾಂಬರಿನ ತಮ್ಮನಂಥ ಎಣ್ಣೆ. ಕಾಯಿಸದಿದ್ದರೆ ಹರಿಯುವುದೇ ಇಲ್ಲ. ಅದರಲ್ಲಿ ಗಂಧಕ ಶೇ 3.5ರ ತನಕ ಇರಬಹುದಿತ್ತು. 2020ರ ಜನವರಿ 1ರಿಂದ ಶೇ 0.5. ಕೆಲವರು ಅಗ್ಗದ ಎಣ್ಣೆಯನ್ನೇ ಸುಟ್ಟು, ಹೊಗೆಯನ್ನು ನೀರಿನಲ್ಲಿ ತೊಳೆದು, ಆ ನೀರನ್ನು ಕಡಲಿಗೆ ಬಿಡುತ್ತಾರೆ. ಕಸ ಗುಡಿಸಿ ಪಕ್ಕದ ಮನೆಯ ಅಂಗಳಕ್ಕೆ ಹಾಕಿದಂತೆ.

ಎಲ್‌ಎನ್‌ಜಿ (ದ್ರವ ನೈಸರ್ಗಿಕ ಅನಿಲ) ಸುಡುವ ಹಡಗು ಹಸಿರು ಅನ್ನುವವರನ್ನು, ಸುಡದೆ ಸೋರುವ ಮೀಥೇನ್ ಎಷ್ಟು ಅಂತ ಕೇಳಿ. ಅದೂ ಹಸಿರುಮನೆ ಅನಿಲವೇ. ಮೆಥನಾಲ್ ಹಡಗುಗಳು 2023ರಿಂದ ಕಂಟೇನರ್ ಸಾಗಣೆಗೆ ಇಳಿದಿವೆ. ಅಲ್ಲೂ ಆ ಮೆಥನಾಲ್ ಕಲ್ಲಿದ್ದಲಿನಿಂದ ಬಂತೋ, ಹುಲ್ಲು ಗೊಬ್ಬರದಿಂದಲೋ ಅನ್ನುವುದೇ ಪ್ರಶ್ನೆ. 2050ರ ಆಸುಪಾಸಿಗೆ ನಿವ್ವಳ ಹೊಗೆಯನ್ನು ಸೊನ್ನೆಗೆ ತರುತ್ತೇವೆ ಅಂತ ಐಎಂಒ 2023ರಲ್ಲಿ ಗುರಿ ಇಟ್ಟಿತು. ಅದಕ್ಕೆ ಬೇಕಾದ ನಿಯಮದ ನಿರ್ಧಾರವನ್ನು 2025ರ ಅಕ್ಟೋಬರಿನಲ್ಲಿ ಒಂದು ವರ್ಷ ಮುಂದೆ ಹಾಕಿದರು. ಅಲ್ಲಿಯ ತನಕ ನಮ್ಮ ಕೈಲಿರುವುದು ಕಡಿಮೆ ಸುಡುವುದು.

ಕೊನೆಗೆ ಒಂದು ರಿಜಿಸ್ಟರ್ ಇಡಿ. ಐದೇ ಕಾಲಂ: ಕಾಟಾದ ತೂಕ, ಟ್ರೇಲರ್ ಓಡಿದ ಕಿ.ಮೀ., ಅದರಲ್ಲಿ ಖಾಲಿ ಎಷ್ಟು, ಪೆಟ್ಟಿಗೆ ಬಂದರಿನಲ್ಲಿ ಕೂತ ದಿನ, ಹಡಗಿನ ಐಎಂಒ ನಂಬರ್. ನಾನು ಹಾಗೆ ಬರೆದಿಡಲು ಶುರು ಮಾಡಿದ ಮೇಲೆ ದುಬೈನ ಗಿರಾಕಿಯೊಬ್ಬರಿಗೆ ಫೋನ್ ಮಾಡಿ, ಏಳು ಗಂಟೆ ತಡವಾದರೆ ನಡೆಯುತ್ತದಾ ಅಂತ ಕೇಳಿದೆ. ಅವರು ನಕ್ಕರು. "ಪೆಟ್ಟಿಗೆ ಇಳಿದ ಮೇಲೆ ನಾವು ಬಿಡಿಸಿಕೊಳ್ಳೋದೇ ಮೂರು ದಿನಕ್ಕೆ ರೀ" ಅಂದರು.